ನಾವೇನು ಮಾಡಿದೆವು ಎಂದು ಕೇಳುವವರಿಗೆ ನಾನು ನೀರಿನ ವಿಷಯ ತೆಗೆಯುತ್ತೇನೆ

ಕೆನಡಾದ ವಿನ್ನಿಪೆಗ್‌ ನಗರದಲ್ಲಿ, ಹೊಸದಾಗಿ ಬಂದಿಳಿದ ವಲಸಿಗರಿಗೆ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ಪಾಠದಲ್ಲಿ ಇಲ್ಲಿನ ಮೂಲನಿವಾಸಿಗಳ ಪ್ರಸ್ತಾಪ ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಅನ್ಯಾಯ ಮಾಡಿದವರು ಬಿಳಿಯರು. ನಾವು ನಿನ್ನೆ ಮೊನ್ನೆ ಬಂದವರು. ನಮಗೂ ಇದಕ್ಕೂ ಏನು ಸಂಬಂಧ?" ಪಂಜಾಬಿನವರು ಕೇಳಿದ್ದಾರೆ, ಫಿಲಿಪೀನ್ಸಿನವರು ಕೇಳಿದ್ದಾರೆ, ಎರಿಟ್ರಿಯಾದವರೂ ಕೇಳಿದ್ದಾರೆ. ನಮ್ಮ ಕನ್ನಡಿಗರಂತೂ ಅಷ್ಟಕ್ಕೆ ನಿಲ್ಲದೆ, "ನಮ್ಮನ್ನೂ ಬ್ರಿಟಿಷರೇ ಆಳಿದ್ದಲ್ಲವೇ? ನಾವೂ ನೊಂದವರೇ" ಎಂದು ಸೇರಿಸುತ್ತಾರೆ.

ಇದೇನು ದಡ್ಡ ಪ್ರಶ್ನೆಯಲ್ಲ. ಉಪದೇಶ ಮಾಡಲು ಹೋದರೆ ಕೇಳಿದವರು ಸುಮ್ಮನೆ ತಲೆಯಾಡಿಸಿ ಗಡಿಯಾರ ನೋಡುತ್ತಾರೆ. ಹಾಗಾಗಿ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಇವತ್ತು ಬೆಳಿಗ್ಗೆ ಕಾಫಿಗೆ ಹಾಕಿದ ನೀರು ಎಲ್ಲಿಂದ ಬಂತು? ಹೆಚ್ಚಿನವರು ಊರಿನ ನಡುವೆ ಹರಿಯುವ ರೆಡ್ ನದಿಯ ಹೆಸರು ಹೇಳುತ್ತಾರೆ. ಅದು ತಪ್ಪು ಉತ್ತರ.

ವಿನ್ನಿಪೆಗ್‌ನ ನೀರು ಬರುವುದು ಸುಮಾರು 155 ಕಿಲೋಮೀಟರ್ ದೂರದ ಶೋಲ್ ಲೇಕ್ ಎಂಬ ಸರೋವರದಿಂದ. ಕಳೆದ ಶತಮಾನದ ಆರಂಭದಲ್ಲಿ ಈ ಊರಿನಲ್ಲಿ ಟೈಫಾಯ್ಡ್ ಮತ್ತೆ ಮತ್ತೆ ಹಬ್ಬುತ್ತಿತ್ತು. ಶುದ್ಧ ನೀರು ಬೇಕಾಗಿತ್ತು. ಮ್ಯಾನಿಟೋಬಾ ಮತ್ತು ಒಂಟಾರಿಯೊ ಪ್ರಾಂತ್ಯಗಳ ಗಡಿಯಲ್ಲಿರುವ ಆ ಸರೋವರದಿಂದ ಕಾಂಕ್ರೀಟಿನ ಮುಚ್ಚಿದ ನಾಲೆ ಕಟ್ಟಿದರು. ಪಂಪು ಬೇಕಿಲ್ಲ, ಇಳಿಜಾರಿನಲ್ಲೇ ನೀರು ಹರಿದು ಬರುತ್ತದೆ. 1919ರಲ್ಲಿ ನೀರು ಊರಿಗೆ ತಲುಪಿತು. ಎಂಜಿನಿಯರುಗಳು ಈಗಲೂ ಹೊಗಳುವ ಕೆಲಸ ಅದು, ಹೊಗಳಲಿ ಪಾಪ.

ಆದರೆ ನೀರೆತ್ತುವ ಜಾಗದಲ್ಲಿ ಅನಿಶಿನಾಬೆ ಎಂಬ ಮೂಲನಿವಾಸಿ ಜನರ ಒಂದು ಊರಿತ್ತು. ಶೋಲ್ ಲೇಕ್ 40 ಎಂದು ಸರ್ಕಾರಿ ದಾಖಲೆ ಕರೆಯುವ ಸಮುದಾಯ ಅದು. ಅವರಿಗಾಗಿಯೇ ಮೀಸಲಿಟ್ಟ ನೆಲದಲ್ಲಿ ಸುಮಾರು 3,000 ಎಕರೆಯನ್ನು, ಅವರ ಹಿರಿಯರನ್ನು ಹೂಳಿದ್ದ ಜಾಗವೂ ಸೇರಿದಂತೆ, ಸರ್ಕಾರ ನಗರಕ್ಕೆ ಕೊಟ್ಟಿತು. ಜನರನ್ನು ಪಕ್ಕದ ಭೂಶಿರಕ್ಕೆ ಸರಿಸಿತು. ಸರೋವರಕ್ಕೆ ಸೇರುತ್ತಿದ್ದ ಒಂದು ಹೊಳೆಯ ನೀರು ಕಂದು ಬಣ್ಣದ್ದು. ಅದು ನಗರದ ನೀರಿಗೆ ಬೆರೆಯಬಾರದೆಂದು ಏರಿ ಹಾಕಿ, ಕಾಲುವೆ ತೋಡಿ, ಇನ್ನೊಂದು ಕಡೆಗೆ ತಿರುಗಿಸಿದರು. ಆ ಕಾಲುವೆಯಿಂದ ಭೂಶಿರ ದ್ವೀಪವಾಯಿತು. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲಿನ ದಾರಿ. ಮಂಜು ಗಟ್ಟಿಯಾಗುವ ಮತ್ತು ಕರಗುವ ವಾರಗಳಲ್ಲಿ ಎರಡೂ ಇಲ್ಲ. ತೆಳುವಾದ ಮಂಜು ಒಡೆದು ಸತ್ತವರಿದ್ದಾರೆ. ನೂರು ವರ್ಷ ಹೀಗೇ ಕಳೆಯಿತು.

1997ರಿಂದ ಆ ಊರಿನಲ್ಲಿ ನೀರನ್ನು ಕುದಿಸದೆ ಕುಡಿಯಬಾರದು ಎಂಬ ಎಚ್ಚರಿಕೆ ಜಾರಿಯಲ್ಲಿತ್ತು. ಇಡೀ ನಗರಕ್ಕೆ ನೀರು ಕೊಡುವ ಸರೋವರದ ದಂಡೆಯ ಜನ, ಹೊರಗಿನಿಂದ ಬಾಟಲಿ ನೀರು ತರಿಸಿ ಕುಡಿಯುತ್ತಿದ್ದರು. ರಸ್ತೆಯಿಲ್ಲದ ದ್ವೀಪಕ್ಕೆ ಸಾಮಾನು ಸಾಗಿಸಿ ಶುದ್ಧೀಕರಣ ಘಟಕ ಕಟ್ಟುವುದು ದುಬಾರಿ ಎಂಬ ಕಾರಣವೂ ಇತ್ತು. ದ್ವೀಪ ಮಾಡಿದ್ದು ಯಾರು ಎಂದು ಕೇಳುವವರಿರಲಿಲ್ಲ. 2014ರಲ್ಲಿ ವಿನ್ನಿಪೆಗ್‌ನಲ್ಲಿ ಮಾನವ ಹಕ್ಕುಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆದಾಗ, ಶೋಲ್ ಲೇಕ್ 40ರ ಜನ ತಮ್ಮ ಊರನ್ನೇ "ಕೆನಡಾದ ಮಾನವ ಹಕ್ಕು ಉಲ್ಲಂಘನೆಗಳ ವಸ್ತುಸಂಗ್ರಹಾಲಯ" ಎಂದು ಘೋಷಿಸಿ, ಬನ್ನಿ, ನೋಡಿ ಎಂದರು. ಈ ಕುಹಕ ನನಗೆ ಬಹಳ ಇಷ್ಟ.

ಇಷ್ಟು ಹೇಳಿ ನಾನು ಸುಮ್ಮನಾಗುತ್ತೇನೆ. ನಿನ್ನೆ ಬಂದವರೇ ಇರಬಹುದು, ಇವತ್ತು ಬೆಳಿಗ್ಗೆ ಆ ನೀರು ಕುಡಿದಿದ್ದಾರೆ. ಕೊಂಡ ಮನೆ, ಓಡಾಡುವ ರಸ್ತೆ ಎಲ್ಲವೂ 1871ರಲ್ಲಿ ಬ್ರಿಟಿಷ್ ರಾಣಿಯ ಪ್ರತಿನಿಧಿಗಳು ಇಲ್ಲಿನ ಜನರೊಡನೆ ಮಾಡಿಕೊಂಡ ಮೊದಲನೆಯ ಒಪ್ಪಂದದ ಮೇಲೆ ನಿಂತಿವೆ. ಆ ಒಪ್ಪಂದದ ಪ್ರಕಾರ ಆ ಸಮುದಾಯಗಳ ಪ್ರತಿಯೊಬ್ಬ ಸದಸ್ಯರಿಗೂ ವರ್ಷಕ್ಕೆ ಇಂತಿಷ್ಟು ಹಣ ಕೊಡಬೇಕು. ಅದು ಈಗಲೂ ಐದು ಡಾಲರ್. ಪೌರತ್ವದ ಪ್ರಮಾಣವಚನದಲ್ಲಿ 2021ರಿಂದ ಒಂದು ಮಾತು ಸೇರಿದೆ: ಮೂಲನಿವಾಸಿಗಳ ಹಕ್ಕುಗಳನ್ನೂ ಒಪ್ಪಂದದ ಹಕ್ಕುಗಳನ್ನೂ ಮಾನ್ಯ ಮಾಡುವ ಸಂವಿಧಾನವನ್ನು ಪಾಲಿಸುತ್ತೇನೆ ಎಂದು. ಮೂಲನಿವಾಸಿ ಮಕ್ಕಳ ವಸತಿ ಶಾಲೆಗಳ ಬಗ್ಗೆ ತನಿಖೆ ಮಾಡಿದ ಸತ್ಯ ಮತ್ತು ಸಾಮರಸ್ಯ ಆಯೋಗ, ಏನೇನು ಮಾಡಬೇಕೆಂದು 2015ರಲ್ಲಿ ಕೊಟ್ಟ 94 ಕರೆಗಳಲ್ಲಿ ಕಟ್ಟಕಡೆಯದು ಇದೇ. ಅಂದರೆ ಕೈ ಎತ್ತಿ ಪ್ರಮಾಣ ಮಾಡುವ ಹೊಸಬರು ಒಪ್ಪಂದದ ಈಚೆ ಬದಿಗೆ ಸಹಿ ಹಾಕಿದ ಹಾಗೆಯೇ.

ತರಗತಿಯಲ್ಲಿ ಇದಕ್ಕಿಂತ ಕಷ್ಟವಾದದ್ದು ವಸತಿ ಶಾಲೆಗಳ ಪಾಠ. ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತು, ಚರ್ಚುಗಳು ನಡೆಸುತ್ತಿದ್ದ ಸರ್ಕಾರಿ ವಸತಿ ಶಾಲೆಗಳಿಗೆ ಸೇರಿಸಿದರು, ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ ಎಂದರೆ, ಬಡ ಊರುಗಳಿಂದ ಬಂದ ವಿದ್ಯಾರ್ಥಿಗಳ ಮುಖದಲ್ಲಿ ಗೊಂದಲ. ಒಬ್ಬಾಕೆ ನೇರವಾಗಿಯೇ ಕೇಳಿದಳು: "ಊಟ, ಬಟ್ಟೆ, ಓದು ಎಲ್ಲ ಪುಕ್ಕಟೆ. ಇದರಲ್ಲಿ ತಪ್ಪೇನು?" ನಮ್ಮಲ್ಲೂ ವಸತಿ ಶಾಲೆಯಲ್ಲಿ ಸೀಟು ಸಿಗಲೆಂದು ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುತ್ತೇವಲ್ಲ. ಹಾಗಾಗಿ ಅವಳ ಪ್ರಶ್ನೆ ನನಗೆ ಅರ್ಥವಾಯಿತು.

ಅಂಕಿ ಸಂಖ್ಯೆ ಬಿಟ್ಟು ಒಂದು ಮಗುವಿನ ಕಥೆ ಹಿಡಿದೆ. ಶೋಲ್ ಲೇಕ್‌ನ ದಂಡೆಯಲ್ಲೇ 1902ರಲ್ಲಿ ಸೆಸಿಲಿಯಾ ಜೆಫ್ರಿ ಎಂಬ ವಸತಿ ಶಾಲೆ ಶುರುವಾಗಿತ್ತು. 1929ರಲ್ಲಿ ಅದನ್ನು ಕೆನೋರಾ ಪಟ್ಟಣದ ಬಳಿಗೆ ಸ್ಥಳಾಂತರಿಸಿದರು. 1966ರ ಅಕ್ಟೋಬರಿನಲ್ಲಿ ಆ ಶಾಲೆಯಿಂದ ಚಾನಿ ವೆಂಜಾಕ್ ಎಂಬ ಹನ್ನೆರಡು ವರ್ಷದ ಹುಡುಗ ಮನೆಗೆ ಹೋಗಬೇಕೆಂದು ತಪ್ಪಿಸಿಕೊಂಡ. ಮನೆ ಇದ್ದದ್ದು ಸುಮಾರು 600 ಕಿಲೋಮೀಟರ್ ಆಚೆ, ಬೆಂಗಳೂರಿನಿಂದ ಕಲಬುರಗಿಯಷ್ಟು ದೂರ. ರೈಲು ಹಳಿ ಹಿಡಿದು ನಡೆದ. ತೆಳು ಜಾಕೆಟ್ಟಿನಲ್ಲಿ, ಚಳಿಗೆ ಹಳಿಯ ಪಕ್ಕದಲ್ಲೇ ಸತ್ತ. ಹಲಗೆಯ ಮೇಲೆ ನಕ್ಷೆ ಹಾಕಿ, ಶಾಲೆಯಿಂದ ಮನೆಗೆ ಗೆರೆ ಎಳೆಯುತ್ತೇನೆ. ಊಟ ಬಟ್ಟೆ ಪುಕ್ಕಟೆ ಎಂದವಳಿಗೆ ಊರಿನಲ್ಲಿ ಬಿಟ್ಟು ಬಂದ ಮಗನಿದ್ದ. ಅವಳು ಆಮೇಲೆ ಏನೂ ಕೇಳಲಿಲ್ಲ. ವಸತಿ ಶಾಲೆಗಳಿಂದ ಮನೆಗೆ ಮರಳದ ಮಕ್ಕಳ ಹೆಸರುಗಳನ್ನು ಇದೇ ಊರಿನ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿರುವ ರಾಷ್ಟ್ರೀಯ ಕೇಂದ್ರ ಸಂಗ್ರಹಿಸುತ್ತಿದೆ. ಈಗಾಗಲೇ 4,000ಕ್ಕೂ ಹೆಚ್ಚು ಹೆಸರುಗಳಿವೆ.

ತರಗತಿಯಲ್ಲಿ ಹೇಳಿದ್ದನ್ನು ನಮ್ಮ ಕನ್ನಡಿಗರ ಗುಂಪಿನಲ್ಲೂ ಹೇಳಬೇಕೆನಿಸಿತು. ಇಲ್ಲಿ ನಾನು ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇರೆ ಊರುಗಳ ಕನ್ನಡಿಗರು ಕೇಳುವುದು ಇದನ್ನೇ.

ರಾಜ್ಯೋತ್ಸವಕ್ಕೆ ಅನಿಶಿನಾಬೆ ಹಿರಿಯರೊಬ್ಬರನ್ನು ಕರೆಯೋಣ ಎಂದೆ. ಕಾರ್ಯಕಾರಿ ಸಮಿತಿ ಒಪ್ಪಿತು. ಅವರನ್ನು ಕೇಳಿಕೊಳ್ಳುವಾಗ ಹೊಗೆಸೊಪ್ಪು ಕೊಡಬೇಕು ಎಂದಾಗ ಸಭೆ ಬಿಸಿಯಾಯಿತು. "ಏನಮ್ಮಾ, ಗಣೇಶ ಸ್ತುತಿಯಿಂದ ಶುರುವಾಗುವ ಕಾರ್ಯಕ್ರಮಕ್ಕೆ ಹೊಗೆಸೊಪ್ಪೇ?" ಎಂದರು ಹಿರಿಯರೊಬ್ಬರು. "ಸಾರ್, ಅದು ಸೇದುವುದಕ್ಕಲ್ಲ. ನಾವು ಎಲೆ ಅಡಿಕೆ ಇಟ್ಟು ಕರೆಯುತ್ತೇವಲ್ಲ, ಹಾಗೆ" ಎಂದೆ. ಅವರಿಗೆ ಒಪ್ಪಿಗೆಯಾಯಿತು. ಹೊಗೆಸೊಪ್ಪನ್ನು ಪುಟ್ಟ ಬಟ್ಟೆಯಲ್ಲಿ ಕಟ್ಟಿ, ಮುಖತಃ ಹೋಗಿ, ಏನು ಬೇಕೆಂದು ಬಾಯಿಬಿಟ್ಟು ಹೇಳಿ, ಕೈಗೆ ನೀಡಬೇಕು. ಅವರು ತೆಗೆದುಕೊಂಡರೆ ಒಪ್ಪಿದ ಹಾಗೆ. ತೆಗೆದುಕೊಳ್ಳದೆಯೂ ಇರಬಹುದು, ಆಗ ಕಾರಣ ಕೇಳಬಾರದು. ಏನು ಮಾತನಾಡಬೇಕು, ಎಷ್ಟು ನಿಮಿಷ ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ನಾವೇ ಬರೆದು ಕಳುಹಿಸುವುದೂ ಸಲ್ಲದು. ಭರತನಾಟ್ಯ ಮತ್ತು ಊಟದ ನಡುವೆ ಹತ್ತು ನಿಮಿಷಕ್ಕೆ ಹಿರಿಯರನ್ನು ತುರುಕುವುದಾದರೆ ಕರೆಯದಿರುವುದೇ ಮರ್ಯಾದೆ. ಇನ್ನೊಂದು ಕೆಲಸ ಸಭಾಂಗಣದವರಿಗೆ ಮೊದಲೇ ತಿಳಿಸುವುದು: ಸೇಜ್ ಎಂಬ ಪರಿಮಳದ ಸೊಪ್ಪಿನ ಹೊಗೆ ಹಾಕುತ್ತಾರೆ, ಬೆಂಕಿ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳದಂತೆ ನೋಡಿಕೊಳ್ಳಿ ಎಂದು.

ಬಂದವರು ಎಪ್ಪತ್ತು ದಾಟಿದ ಅಜ್ಜಿ. ಸೊಪ್ಪು ಹೊತ್ತಿಸಿ ಹೊಗೆಯನ್ನು ಎಲ್ಲರ ಮುಂದೆ ತಂದಾಗ, ನಮ್ಮ ಹೆಂಗಸರು ಎರಡೂ ಕೈಯಿಂದ ಹೊಗೆ ತೆಗೆದು ಕಣ್ಣಿಗೊತ್ತಿಕೊಂಡರು. ಯಾರೂ ಹೇಳಿಕೊಡಬೇಕಾಗಲಿಲ್ಲ. ಕಷ್ಟವಾದದ್ದು ಆಮೇಲಿನ ವೃತ್ತ. ಎಲ್ಲರೂ ಸುತ್ತಲೂ ಕೂರುತ್ತಾರೆ, ಹದ್ದಿನ ಗರಿ ಕೈಯಿಂದ ಕೈಗೆ ಹೋಗುತ್ತದೆ, ಗರಿ ಹಿಡಿದವರು ಮಾತ್ರ ಮಾತನಾಡಬೇಕು. ಮಿಕ್ಕವರು ಪ್ರಶ್ನೆ ಕೇಳುವಂತಿಲ್ಲ, ಸಮಾಧಾನ ಹೇಳುವಂತಿಲ್ಲ, ನಡುವೆ ಬಾಯಿ ಹಾಕುವಂತಿಲ್ಲ. ಇಪ್ಪತ್ತು ಕನ್ನಡಿಗರನ್ನು ಹೀಗೆ ಕೂರಿಸುವುದು ಎಷ್ಟು ಕಷ್ಟ ಎಂಬುದನ್ನು ನಮ್ಮ ಯಾವುದೇ ಸಂಘದ ಸರ್ವಸದಸ್ಯರ ಸಭೆ ನೋಡಿದವರು ಊಹಿಸಬಲ್ಲರು.

ಅಜ್ಜಿ ತಮ್ಮ ಶಾಲೆಯ ದಿನಗಳ ಬಗ್ಗೆ ಎರಡೇ ವಾಕ್ಯ ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಆ ವೃತ್ತದಲ್ಲಿ ಹೇಳಿದ್ದು. ಆಮೇಲೆ ಗರಿಯನ್ನು ನನ್ನ ಕೈಗೆ ಕೊಡುವ ಮುಂಚೆ ಕೇಳಿದರು: "ನಿನ್ನ ಊರಿನಲ್ಲಿ ನಮ್ಮಂಥವರು ಯಾರು?"

ನಾನು ಹುಣಸೂರಿನ ಕಡೆಯವಳು. ನಮ್ಮ ಊರಿನಿಂದ ನಾಗರಹೊಳೆ ಕಾಡು ದೂರವಲ್ಲ. ಹಾಡಿಯ ಜನ ಜೇನು ತರುತ್ತಿದ್ದರು, ಅಮ್ಮ ಬಾಟಲಿ ಕೊಟ್ಟು ಕಳುಹಿಸುತ್ತಿದ್ದಳು. ಜೇನುಕುರುಬರು, ಬೆಟ್ಟಕುರುಬರು, ಯರವರು ಎಂದು ಹೆಸರು ಹೇಳಿದೆ. ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡಿ ಅವರನ್ನು ಹೊರಗೆ ಹಾಕಿದರು ಎಂದೂ ಹೇಳಿದೆ. ಹೈಕೋರ್ಟ್ ನೇಮಿಸಿದ್ದ ಸಮಿತಿ 2014ರಲ್ಲಿ ಕೊಟ್ಟ ವರದಿಯ ಪ್ರಕಾರ ಹಾಗೆ ನೆಲೆ ಕಳೆದುಕೊಂಡ ಕುಟುಂಬಗಳು 3,418. 2006ರ ಅರಣ್ಯ ಹಕ್ಕು ಕಾಯ್ದೆ ತನ್ನ ಪೀಠಿಕೆಯಲ್ಲೇ ಇದನ್ನು ಐತಿಹಾಸಿಕ ಅನ್ಯಾಯ ಎಂದು ಕರೆದಿದೆ. ಈ ವಿವರವೆಲ್ಲ ನಾನು ಓದಿ ತಿಳಿದದ್ದು ವಿನ್ನಿಪೆಗ್‌ನಲ್ಲಿ ಕೂತು. ಅಜ್ಜಿ "ಹಾಂ" ಎಂದರು, ಅಷ್ಟೇ. "ನಾವೂ ನೊಂದವರೇ" ಎನ್ನುತ್ತಿದ್ದ ನಮ್ಮ ಗುಂಪಿನವರು ಆ ವಾದವನ್ನು ಅದಾದ ಮೇಲೆ ನನ್ನೆದುರು ಎತ್ತಿಲ್ಲ.

ಇನ್ನು ನನಗೆ ರೇಜಿಗೆ ಹುಟ್ಟಿಸುವ ಸಂಗತಿಗಳೂ ಇವೆ. ಸಭೆಗಳ ಆರಂಭದಲ್ಲಿ ಇದು ಇಂಥವರ ನೆಲ ಎಂದು ಒಂದು ಪ್ಯಾರಾ ಓದುವ ರೂಢಿ ಇಲ್ಲಿ ಎಲ್ಲೆಡೆ ಇದೆ. ಬಹುತೇಕರು ಅದನ್ನು ವಿಮಾನದಲ್ಲಿ ಸೀಟ್ ಬೆಲ್ಟ್ ಸೂಚನೆ ಓದುವ ದನಿಯಲ್ಲಿ ಓದುತ್ತಾರೆ. ವಸತಿ ಶಾಲೆಗಳ ಮಕ್ಕಳನ್ನು ನೆನೆಯುವ ದಿನವಾದ ಸೆಪ್ಟೆಂಬರ್ 30ರಂದು ಕಿತ್ತಳೆ ಅಂಗಿ ತೊಟ್ಟು ಫೋಟೋ ತೆಗೆಸಿಕೊಂಡು, ಅಕ್ಟೋಬರ್ 1ರಂದು ಊರಿನ ಉತ್ತರ ಭಾಗದಲ್ಲಿ ಮೂಲನಿವಾಸಿಗಳಿಗೆ ಮನೆ ಬಾಡಿಗೆಗೆ ಕೊಡಬೇಡಿ, ರಗಳೆ ಎಂದು ಪರಸ್ಪರ ಸಲಹೆ ಕೊಡುವ ನಮ್ಮವರನ್ನು ನೋಡಿದ್ದೇನೆ. ನನ್ನನ್ನು ಕೇಳಿದರೆ ಅಂಗಿ ಬೇಡ, ಮನೆ ಬಾಡಿಗೆಗೆ ಕೊಡಿ.

ಗಾಯ ಮಾಯಿಸುವುದು ನಮ್ಮ ಕೆಲಸ ಎಂದು ಹೊರಡುವವರನ್ನು ಕಂಡರೂ ನನಗೆ ಭಯ. ಅದು ಅವರ ಕೆಲಸ, ಅವರ ಅಜ್ಜಿಯರು, ಅವರ ಭಾಷೆ, ಅವರ ಕೂಟಗಳಲ್ಲಿ ನಡೆಯುವಂಥದ್ದು. ನಮ್ಮ ಪಾಲಿಗೆ ಬರುವುದು ಬಹಳ ಸಪ್ಪೆಯಾದ ಕೆಲಸಗಳು: ನಗರಸಭೆಗೆ ಪತ್ರ ಬರೆಯುವುದು, ಕುರ್ಚಿ ಜೋಡಿಸುವುದು, ಕರೆದ ಕಡೆ ಹೋಗುವುದು, ಕರೆಯದ ಕಡೆ ಹೋಗದಿರುವುದು. ಶೋಲ್ ಲೇಕ್‌ಗೆ ರಸ್ತೆ ಬೇಕೆಂಬ ಒತ್ತಾಯ ಜೋರಾಗಿದ್ದಾಗ ಇಲ್ಲಿನ ಚರ್ಚುಗಳು ತಮ್ಮ ಅಂಗಳದಲ್ಲಿ ಫಲಕ ನೆಟ್ಟವು. ನಮ್ಮ ಗುಂಪು ಪತ್ರ ಬರೆಯಿತು. ರಸ್ತೆ ಬಂದದ್ದು ಆ ಸಮುದಾಯದ ದಶಕಗಳ ಹಟದಿಂದ, ನಮ್ಮ ಪತ್ರದಿಂದಲ್ಲ. 24 ಕಿಲೋಮೀಟರಿನ ಆ ರಸ್ತೆಗೆ ಅವರಿಟ್ಟ ಹೆಸರು ಫ್ರೀಡಂ ರೋಡ್. 2019ರಲ್ಲಿ ತೆರೆಯಿತು. ರಸ್ತೆ ಬಂದ ಮೇಲೆ ನೀರಿನ ಶುದ್ಧೀಕರಣ ಘಟಕವೂ ಬಂತು, 2021ರ ಸೆಪ್ಟೆಂಬರಿನಲ್ಲಿ ನೀರಿನ ಎಚ್ಚರಿಕೆ ತೆಗೆದರು. ಇಪ್ಪತ್ತನಾಲ್ಕು ವರ್ಷಗಳಿಗೂ ಹೆಚ್ಚು.

ಆಮೇಲೆ ಅವರ ಕರೆಯ ಮೇರೆಗೆ ನಾವು ಕೆಲವರು ಆ ರಸ್ತೆಯಲ್ಲಿ ಹೋದೆವು. ನಾನು ಭಾಷಣವೊಂದನ್ನು ತಯಾರು ಮಾಡಿಕೊಂಡಿದ್ದೆ, ಯಾರಿಗೂ ಅದು ಬೇಕಿರಲಿಲ್ಲ. ಊಟ ಮಾಡಿ ಎಂದರು. ಮೀನು ತಿನ್ನದವರಿಗೆ ಏನು ಮಾಡುವುದೆಂಬ ನಮ್ಮ ಚಿಂತೆಗೆ ಕಾಡು ಅಕ್ಕಿ ಪರಿಹಾರವಾಯಿತು. ಸರೋವರಗಳಲ್ಲಿ ತಾನಾಗಿ ಬೆಳೆಯುವ ಕಪ್ಪು ಧಾನ್ಯ, ದೋಣಿಯಲ್ಲಿ ಹೋಗಿ ಕೋಲಿನಿಂದ ತಟ್ಟಿ ಉದುರಿಸಿಕೊಳ್ಳುತ್ತಾರೆ. ಬೇಯಲು ಬಹಳ ಹೊತ್ತು ಬೇಕು, ಮೊಸರಿಗೆ ಹೊಂದುತ್ತದೆ. ಅಲ್ಲಿನ ಗೃಹಿಣಿಯೊಬ್ಬರು ನಮ್ಮ ನಿಂಬೆ ಉಪ್ಪಿನಕಾಯಿಯನ್ನು ಮೂಸಿ ನೋಡಿ, ಇದನ್ನು ಮೀನಿಗೆ ಹಚ್ಚಿದರೆ ಹೇಗೆ ಎಂದು ಕೇಳಿದರು. ಆ ದಿನದ ಅತಿ ಗಂಭೀರ ಚರ್ಚೆ ಅದೇ.

2024ರ ನವೆಂಬರ್ 4ರಂದು ಸತ್ಯ ಮತ್ತು ಸಾಮರಸ್ಯ ಆಯೋಗದ ಅಧ್ಯಕ್ಷರಾಗಿದ್ದ ಮರ್ರೆ ಸಿಂಕ್ಲೇರ್ ತೀರಿಕೊಂಡರು. ಇದೇ ಪ್ರಾಂತ್ಯದವರು, ಇಲ್ಲಿನ ಮೊದಲ ಮೂಲನಿವಾಸಿ ನ್ಯಾಯಾಧೀಶರು. ಆ ವರ್ಷದ ರಾಜ್ಯೋತ್ಸವದಲ್ಲಿ ನಾಡಗೀತೆಗೆ ಮುಂಚೆ ಅವರಿಗಾಗಿ ಎದ್ದು ನಿಂತೆವು. ನೆಲದ ಬಗ್ಗೆ ಓದುವ ಪ್ಯಾರಾವನ್ನು ಕನ್ನಡದಲ್ಲಿ ಹೊಸದಾಗಿ ಬರೆದು, ಅದರಲ್ಲಿ ಶೋಲ್ ಲೇಕ್‌ನ ಹೆಸರು ಹಾಕಿದ್ದೇವೆ. ಪ್ರತಿ ವರ್ಷ ಬೇರೆ ಬೇರೆಯವರು ಓದುತ್ತಾರೆ, ಓದುವವರು ತಮ್ಮದೊಂದು ವಾಕ್ಯ ಸೇರಿಸಬೇಕು ಎಂಬುದು ನಿಯಮ. ಕಳೆದ ಸಲ ಓದಿದ ಹುಡುಗ, ತಾನು ಬೇಸಿಗೆ ಕೆಲಸಕ್ಕೆ ಸೇರಿದ ಅಂಗಡಿಯಲ್ಲಿ ಮೂಲನಿವಾಸಿ ಗ್ರಾಹಕರ ಹಿಂದೆಯೇ ಕಾವಲುಗಾರ ನಡೆಯುತ್ತಾನೆ ಎಂದು ಹೇಳಿದ. ಅವನ ಅಪ್ಪ ಅಮ್ಮನಿಗೂ ಅದು ಹೊಸ ಸುದ್ದಿ.

ಹಣದ ವಿಷಯ ಈಗಷ್ಟೇ ತೀರ್ಮಾನವಾಗಿದೆ. ಅಜ್ಜಿಯನ್ನು ಮೊದಲ ಸಲ ಕರೆದಾಗ ಗೌರವಧನವನ್ನು ನಾವು ನಾಲ್ಕು ಜನ ಕೈಯಿಂದ ಹಾಕಿದ್ದೆವು. ಶಾಲು ಹೊದಿಸಿ ಹಾರ ಹಾಕಿದರೆ ಸಾಲದೇ ಎಂದು ವಾದಿಸಿದವರಿದ್ದರು. ಬೆಂಗಳೂರಿನಿಂದ ಬರುವ ಗಾಯಕರಿಗೆ ವಿಮಾನದ ಟಿಕೆಟ್ಟನ್ನೂ ಕೊಡುತ್ತೇವೆ, ಇವರು ಬದುಕಿಡೀ ಹೊತ್ತದ್ದನ್ನು ತಂದು ನಮ್ಮ ಮುಂದೆ ಇಡುತ್ತಾರೆ, ಶಾಲು ಏಕೆ ಸಾಲುತ್ತದೆ ಎಂದು ನಾನೂ ಜಗಳ ಆಡಿದೆ. ಈ ವರ್ಷದ ಆಯವ್ಯಯದಲ್ಲಿ ಹಿರಿಯರ ಗೌರವಧನ ಮತ್ತು ಓಡಾಟದ ಖರ್ಚು ಎಂದು ಪ್ರತ್ಯೇಕ ಬಾಬ್ತು ಬಂದಿದೆ, ಅಡುಗೆಯವರ ಮತ್ತು ಧ್ವನಿವರ್ಧಕದ ಬಾಬ್ತುಗಳ ನಡುವೆ. ಖಜಾಂಚಿ ಮೊತ್ತ ಕಡಿಮೆ ಹಾಕಿದ್ದಾರೆ. ಮುಂದಿನ ಸಭೆಯಲ್ಲಿ ಅದನ್ನು ಎತ್ತುವವಳಿದ್ದೇನೆ.