ನನ್ನ ಕಾರಿಗೆ ಎರಡು ಸೆಟ್ ಟೈರು, ಹೆಂಡತಿಯ ಕಾರಿಗೆ ಒಂದೇ

ಕೆನಡಾದ ಒಟ್ಟಾವಾಕ್ಕೆ ಬಂದ ಮೊದಲ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಕೊರೋಲಾ ತಗೊಂಡೆ. ಟೈರಿನ ಮೇಲೆ 'ಆಲ್ ಸೀಸನ್' ಅಂತ ಇತ್ತು. ಎಲ್ಲಾ ಕಾಲಕ್ಕೂ ಆಗುತ್ತೆ ಅಂದಮೇಲೆ ಇನ್ನೇನು ಬೇಕು? ಮಲೆನಾಡಿನ ಸಾಗರದ ಮಳೆಯಲ್ಲಿ, ಘಾಟಿ ರಸ್ತೆಯಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವನು ನಾನು. ಬಟನ್ (ಟೈರಿನ ಮೇಲಿನ ರಬ್ಬರ್ ಉಬ್ಬುಗಳು) ಸವೆದಿಲ್ಲ, ಗಾಳಿ ಸರಿಯಾಗಿದೆ, ಸಾಕು ಅನ್ನೋದು ನನ್ನ ಲೆಕ್ಕ.

ಡಿಸೆಂಬರಿನ ಒಂದು ಬೆಳಗ್ಗೆ ಆ ಲೆಕ್ಕ ತಪ್ಪಿತು. ಸ್ನೋ ಜಾಸ್ತಿ ಏನೂ ಇರಲಿಲ್ಲ, ಎರಡು ಬೆರಳು ದಪ್ಪ ಅಷ್ಟೇ. ಸ್ಟಾಪ್ ಬೋರ್ಡ್ ಕಂಡು ಬ್ರೇಕ್ ಒತ್ತಿದೆ. ಕಾಲ ಕೆಳಗೆ ಪೆಡಲ್ ಗಡಗಡ ಅಂತು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ತನ್ನ ಕೆಲಸ ತಾನು ಮಾಡುತ್ತಿತ್ತು. ಕಾರು ಮಾತ್ರ ಊರಲ್ಲಿ ಅಡಿಕೆ ಹಾಳೆ ಮೇಲೆ ಕೂರಿಸಿ ಎಳೆದ ಹಾಗೆ ಜಾರುತ್ತಾ ಹೋಯಿತು. ಸ್ಪೀಡು ಮೂವತ್ತೂ ಇರಲಿಲ್ಲ. ಸರ್ಕಲ್ ಮಧ್ಯದಲ್ಲಿ ಹೋಗಿ ನಿಂತೆ. ಅಡ್ಡ ರಸ್ತೆಯಲ್ಲಿ ಯಾರೂ ಬರಲಿಲ್ಲ, ಪುಣ್ಯ.

ಆಮೇಲೆ ಗೊತ್ತಾಯಿತು, ಇಲ್ಲಿ ಬಟನ್ ಎಷ್ಟಿದೆ ಅನ್ನೋದಕ್ಕಿಂತ ಮೊದಲು ನೋಡಬೇಕಾದ್ದು ರಬ್ಬರನ್ನು. ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಮಾಮೂಲಿ ಆಲ್ ಸೀಸನ್ ರಬ್ಬರು ಬಿಗಿಯಾಗುತ್ತಾ ಹೋಗುತ್ತದೆ. ಒಟ್ಟಾವಾದ ಜನವರಿ ರಾತ್ರಿಗಳಲ್ಲಿ ಮೈನಸ್ 15 ಅನ್ನೋದು ಸಾಮಾನ್ಯ. ಅಷ್ಟು ಚಳಿಯಲ್ಲಿ ಅದು ರಸ್ತೆಯನ್ನು ಸರಿಯಾಗಿ ಹಿಡಿಯೋದಿಲ್ಲ. ವಿಂಟರ್ ಟೈರಿನ ರಬ್ಬರು ಅಂಥ ಚಳಿಯಲ್ಲೂ ಮೆತ್ತಗೇ ಇರುತ್ತದೆ. ಒಂದೊಂದು ಬಟನ್ ಮೇಲೂ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸಣ್ಣ ಸೀಳುಗಳಿರುತ್ತವೆ. ಐಸನ್ನು ಕಚ್ಚಿಕೊಳ್ಳೋದು ಆ ಸೀಳುಗಳ ಅಂಚು.

ಬುದ್ಧಿ ಬಂದರೂ ಜಿಪುಣತನ ಹೋಗಲಿಲ್ಲ. ಮುಂದಿನ ವರ್ಷ, 2018ರಲ್ಲಿ, ಒಬ್ಬರ ಮನೆಯಿಂದ ಹಳೇ ವಿಂಟರ್ ಟೈರು ತಂದೆ. ನೋಡಲು ಬಟನ್ ಚೆನ್ನಾಗಿಯೇ ಇತ್ತು, ರೇಟೂ ಕಮ್ಮಿ. ಮನೆಗೆ ತಂದು ತೊಳೆಯುವಾಗ ಪಕ್ಕದಲ್ಲಿ 'ಡಾಟ್' ಅಕ್ಷರಗಳ ಜೊತೆ ಇರುವ ನಂಬರು ಕಂಡಿತು. ಕೊನೆಯ ನಾಲ್ಕು ಅಂಕಿ 4709. ಅಂದರೆ 2009ರ 47ನೇ ವಾರ ತಯಾರಾದದ್ದು! ಉಗುರಲ್ಲಿ ಒತ್ತಿದರೆ ಗೆರೆಯೂ ಮೂಡಲಿಲ್ಲ. ಆ ದುಡ್ಡು ನೀರಿಗೆ ಹೋಯಿತು. ಹಳೇದು ತಗೊಳ್ಳೋದಾದರೆ ಬೆಲೆ ಕೇಳುವ ಮೊದಲು ಆ ನಾಲ್ಕು ಅಂಕಿ ನೋಡಿ.

ಕೊನೆಗೆ ಹೊಸದನ್ನೇ ತಗೊಂಡೆ. ಸೈಜು 205/55 ಆರ್16. ಅಂಗಡಿಯವರು ಬ್ಲಿಝಾಕ್, ಎಕ್ಸ್-ಐಸ್, ಹಾಕ್ಕಪೆಲೀಟ್ಟಾ ಮೂರೂ ಹೇಳಿದರು. ಮೂರನೆಯದು ಫಿನ್ಲೆಂಡಿನದು, ಹೆಸರು ಹೇಳೋಕೆ ನನಗೆ ಒಂದು ವಾರ ಬೇಕಾಯಿತು. ನನ್ನ ಸೈಜಿನಲ್ಲಿ ಸ್ಟಾಕ್ ಇದ್ದದ್ದು ಎಕ್ಸ್-ಐಸ್, ಅದನ್ನೇ ಹಾಕಿಸಿದೆ. ನಿಜ ಹೇಳಬೇಕೆಂದರೆ ಈ ಮೂರರಲ್ಲಿ ಯಾವುದು ಅಂತ ತಲೆ ಕೆಡಿಸಿಕೊಳ್ಳೋದಕ್ಕಿಂತ ಸೀಸನ್ ಶುರುವಾಗುವ ಮೊದಲೇ ಅಂಗಡಿಗೆ ಹೋಗೋದು ಮುಖ್ಯ. ಮೊದಲ ಸ್ನೋ ಬಿದ್ದ ದಿನ ಫೋನ್ ಮಾಡಿದರೆ ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ.

ದುಡ್ಡು ಉಳಿಸಲು ಮುಂದಿನ ಎರಡಕ್ಕೆ ಮಾತ್ರ ಹಾಕಿಸೋಣವೇ ಅಂತ ಕೇಳಿದ್ದೆ. ಮೆಕ್ಯಾನಿಕ್ ಕೈ ಅಲ್ಲಾಡಿಸಿ ಬೇಡ ಅಂದ. ಮುಂದಿನ ಚಕ್ರ ಹಿಡಿದು, ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಹಾಕಿದರೆ ನಾಲ್ಕೂ ಹಾಕಬೇಕು. 'ನಮ್ದು ಆಲ್ ವೀಲ್ ಡ್ರೈವ್, ನಮಗೆ ಬೇಡ' ಅನ್ನುವ ಗೆಳೆಯರೂ ಇದ್ದಾರೆ. ಆಲ್ ವೀಲ್ ಡ್ರೈವ್ ಕಾರನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲವಲ್ಲ!

ಟೈರಿನ ಜೊತೆಗೆ ನಾಲ್ಕು ಸ್ಟೀಲ್ ರಿಮ್ ಕೂಡ ತಗೊಂಡೆ. ಎಲ್ಲಾ ಸೇರಿ ಸಾವಿರ ಡಾಲರ್ ಹತ್ತಿರ ಆಯಿತು. ಆದರೆ ಟೈರು ರಿಮ್ ಮೇಲೇ ಕೂತಿರುವುದರಿಂದ ಈಗ ವರ್ಷಕ್ಕೆ ಎರಡು ಸಲ ಮನೆ ಮುಂದೆ ನಾನೇ ಚಕ್ರ ಬದಲಾಯಿಸುತ್ತೇನೆ. ನಟ್ಟುಗಳನ್ನು ಒಂದು ಬಿಟ್ಟು ಒಂದು, ನಕ್ಷತ್ರ ಬರೆದ ಹಾಗೆ ಬಿಗಿ ಮಾಡಬೇಕು. ಒಂದು ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿ ನೋಡಬೇಕು. ಬಿಚ್ಚಿದ ಟೈರಿನ ಮೇಲೆ ನನ್ನ ಹೆಂಡತಿ ಚಾಕ್‌ಪೀಸಲ್ಲಿ 'ಮುಂ. ಎಡ', 'ಹಿಂ. ಬಲ' ಅಂತ ಬರೆದಿಡುತ್ತಾಳೆ. ಮುಂದಿನ ವರ್ಷ ಹಿಂದೆ ಮುಂದೆ ಅದಲುಬದಲು ಮಾಡಲು ಅನುಕೂಲ. ಒಂದು ಸಲ ಬ್ಯಾಲೆನ್ಸಿಂಗ್‌ಗೆ ಕೊಟ್ಟಾಗ ಅಂಗಡಿಯ ಹುಡುಗ ಇದ್ಯಾವ ಬ್ರ್ಯಾಂಡಿನ ಲೋಗೋ ಅಂತ ಕೇಳಿದ್ದ.

ಚಳಿಯಲ್ಲಿ ಗಾಳಿಯೂ ಇಳಿಯುತ್ತದೆ. ಪ್ರತಿ ಐದಾರು ಡಿಗ್ರಿಗೆ ಸುಮಾರು ಒಂದು ಪಿಎಸ್ಐ (ಗಾಳಿಯ ಒತ್ತಡದ ಅಳತೆ). ಅಕ್ಟೋಬರಿನ ಬಿಸಿಲಲ್ಲಿ 33 ತುಂಬಿಸಿದ್ದು ಜನವರಿಯ ಬೆಳಗ್ಗೆ 26, 27 ತೋರಿಸುತ್ತದೆ. ಪಂಕ್ಚರ್ ಅಲ್ಲ, ಗಾಬರಿ ಬೇಡ.

ಈಗ ಹೆಂಡತಿಯ ಕಾರಿನ ಕಥೆ. ಅವಳಿಗೆ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ಓಡಾಟವೆಲ್ಲ ಊರೊಳಗೆ, ಅದೂ ರಸ್ತೆ ಕ್ಲೀನ್ ಆದ ಮೇಲೆ. ಅದಕ್ಕೆ 'ಆಲ್ ವೆದರ್' ಹಾಕಿಸಿದೆವು, ಕ್ರಾಸ್‌ಕ್ಲೈಮೇಟ್ 2. ಹೆಸರು ಆಲ್ ಸೀಸನ್ ಥರಾನೇ ಕೇಳಿಸಿದರೂ ಇದು ಬೇರೆ. ಇದರ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು ಇರುವ ಗುರುತಿದೆ. ವರ್ಷಪೂರ್ತಿ ಬದಲಾಯಿಸುವ ರಗಳೆ ಇಲ್ಲ. ಒಂದು ವಿಷಯ ಮಾತ್ರ ನೆನಪಿರಲಿ. ಆ ಗುರುತು ಕೊಡೋದು ಗಟ್ಟಿಯಾದ ಸ್ನೋ ಮೇಲೆ ಟೈರು ಎಷ್ಟು ಚೆನ್ನಾಗಿ ಮುಂದಕ್ಕೆ ಎಳೆಯುತ್ತದೆ ಅಂತ ನೋಡಿ. ಐಸ್ ಮೇಲೆ ಬ್ರೇಕ್ ಹಿಡಿಯುವ ಪರೀಕ್ಷೆ ಅದರಲ್ಲಿಲ್ಲ. ವಿಂಟರ್ ಟೈರಿಗೂ ಆಲ್ ವೆದರಿಗೂ ಗುರುತು ಒಂದೇ, ಐಸ್ ಮೇಲೆ ಹಿಡಿತ ಒಂದೇ ಅಲ್ಲ. ಬರೀ 'ಎಂ+ಎಸ್' (ಮಡ್ ಅಂಡ್ ಸ್ನೋ) ಅಂತಿದ್ದರಂತೂ ಇಲ್ಲಿನ ಚಳಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ನಾನು ಮಾತ್ರ ಬೆಳಗ್ಗೆ ಆರಕ್ಕೇ ಸೇತುವೆ ದಾಟಿ ಗ್ಯಾಟಿನೋಗೆ ಹೋಗಬೇಕು, ಸ್ನೋ ತೆಗೆಯುವ ಪ್ಲೌ ಗಾಡಿ ಬರುವ ಮೊದಲೇ. ಒಂದು ತಮಾಷೆ ಅಂದರೆ ಆ ದಡ ಕ್ವಿಬೆಕ್ ಪ್ರಾಂತ್ಯ. ಅಲ್ಲಿ ರಿಜಿಸ್ಟರ್ ಆದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರು ಕಡ್ಡಾಯ. ಈ ದಡ ಒಂಟಾರಿಯೋ ಪ್ರಾಂತ್ಯ, ಇಲ್ಲಿ ಕಡ್ಡಾಯ ಇಲ್ಲ. ಹಾಕಿಸಿದರೆ ಇನ್ಶೂರೆನ್ಸ್‌ನಲ್ಲಿ ಸ್ವಲ್ಪ ಡಿಸ್ಕೌಂಟ್ ಕೊಡುತ್ತಾರೆ, 2016ರಿಂದ ಕಂಪನಿಗಳು ಕೊಡಲೇಬೇಕು. ನೀವೇ ಫೋನ್ ಮಾಡಿ ಕೇಳಿ, ನಾನು ಕೇಳದೆ ಒಂದು ವರ್ಷದ್ದು ಕಳೆದುಕೊಂಡೆ.

ಬೇಸಿಗೆಗೂ ವಿಂಟರ್ ಟೈರನ್ನೇ ಬಿಡಬೇಡಿ. ಬಿಸಿ ರಸ್ತೆಯಲ್ಲಿ ಆ ಮೆತ್ತನೆ ರಬ್ಬರು ಬೇಗ ಸವೆಯುತ್ತದೆ, ಬ್ರೇಕೂ ತಡವಾಗಿ ಹಿಡಿಯುತ್ತದೆ. ಬಟನ್ ಆಳ 4 ಮಿಲಿಮೀಟರ್ ಹತ್ತಿರ ಬಂತೆಂದರೆ ಸ್ನೋಗೆ ಅದರ ಕಥೆ ಮುಗಿಯಿತು.

ಈ ಸಲ ಏಪ್ರಿಲ್ ಎರಡನೇ ವಾರ ಬಿಸಿಲು ನೋಡಿ ಖುಷಿಯಾಗಿ ಬೇಸಿಗೆ ಟೈರು ಹಾಕಿದೆ. ಮೂರನೇ ದಿನ ಅರ್ಧ ಅಡಿ ಸ್ನೋ. ನನ್ನ ಕೊರೋಲಾ ಎರಡು ದಿನ ಮನೆ ಮುಂದೆ ಸುಮ್ನೆ ನಿಂತಿತ್ತು. ಅವಳ ಕಾರಿನ ಕೀ ಕೇಳಿ ತಗೊಂಡು ಆಫೀಸಿಗೆ ಹೋದೆ.