ಟಿಎಂಎಸ್ ಮಾಡಿಸುವ ಮುನ್ನ: ಕಾಯಿಲ್ ಇಡುವ ಜಾಗ ತಪ್ಪಿದರೆ ದುಡ್ಡೂ ದಂಡ, ದಿನವೂ ದಂಡ

ಖಿನ್ನತೆಗೆ ಎರಡು ಬಗೆಯ ಮಾತ್ರೆಗಳನ್ನು, ಒಂದೊಂದನ್ನೂ ಸರಿಯಾದ ಪ್ರಮಾಣದಲ್ಲಿ ಆರೆಂಟು ವಾರ ನುಂಗಿದರೂ ಗುಣ ಕಾಣದಿದ್ದಾಗ ಮನೋವೈದ್ಯರು ಟಿಎಂಎಸ್‌ನ ಮಾತೆತ್ತುತ್ತಾರೆ. ಟಿಎಂಎಸ್ ಎಂದರೆ ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಶನ್, ತಲೆಯ ಹೊರಗಿನಿಂದಲೇ ಕಾಂತದ ಬಲದಿಂದ ಮಿದುಳನ್ನು ಪ್ರಚೋದಿಸುವ ಚಿಕಿತ್ಸೆ. ತಲೆಗೆ ತಾಗಿಸಿದ ತಂತಿ ಸುರುಳಿಯಲ್ಲಿ, ಅಂದರೆ ಕಾಯಿಲ್‌ನಲ್ಲಿ ಕ್ಷಣಕಾಲ ಜೋರಾಗಿ ವಿದ್ಯುತ್ ಹರಿಸುತ್ತಾರೆ. ಹೀಗೆ ಒಮ್ಮೆ ಹರಿಸಿದರೆ ಒಂದು ಪಲ್ಸ್. ಅದರಿಂದ ಹುಟ್ಟುವ ಕಾಂತಕ್ಷೇತ್ರ ಮಿದುಳಿನ ಹೊರಪದರದ ನರಕೋಶಗಳನ್ನು ಕೆಲಸಕ್ಕೆ ಹಚ್ಚುತ್ತದೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಖಿನ್ನತೆಯ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದೆ, ಖಾಸಗಿ ಕ್ಲಿನಿಕ್‌ಗಳಲ್ಲೂ ಇದೆ. ಅರಿವಳಿಕೆ ಬೇಡ, ಅಡ್ಮಿಟ್ ಆಗುವುದು ಬೇಡ. ಕುರ್ಚಿಯಲ್ಲಿ ಎಚ್ಚರವಾಗಿ ಕೂತು ಎದ್ದು ಬರುವುದಷ್ಟೆ. ಇಷ್ಟು ಸಲೀಸಾಗಿ ಕಾಣುವುದರಿಂದಲೇ ಇದನ್ನು ಕೆಡಿಸುವವರೂ ಜಾಸ್ತಿ.

ಮೊದಲು ಯಾರಿಗೆ ಬೇಡ ಎಂಬುದು. ತಲೆಯೊಳಗೆ ಅನ್ಯೂರಿಸಂ ಕ್ಲಿಪ್ (ಉಬ್ಬಿದ ರಕ್ತನಾಳಕ್ಕೆ ಹಾಕಿದ್ದು), ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸಲು ಒಳಗೆ ಅಳವಡಿಸಿದ್ದು), ಲೋಹದ ಚೂರು ಇದ್ದವರಿಗೆ ಮಾಡಬಾರದು. ಪೇಸ್‌ಮೇಕರ್ ಇದ್ದರೆ, ಹಿಂದೆ ಫಿಟ್ಸ್ ಬಂದಿದ್ದರೆ ಬಾಯಿಬಿಟ್ಟು ಹೇಳಿ. ಹಲ್ಲಿಗೆ ತುಂಬಿಸಿದ ಸಿಮೆಂಟಿಗೆ ಹೆದರಬೇಕಿಲ್ಲ. ಊಟ ನೀರು ಬಿಟ್ಟವರು, ಭ್ರಮೆ ಕಾಡುತ್ತಿರುವವರು, ಇಂದೋ ನಾಳೆಯೋ ಪ್ರಾಣ ಕಳೆದುಕೊಳ್ಳುವ ಯೋಚನೆಯಲ್ಲಿ ಇರುವವರು ಟಿಎಂಎಸ್‌ಗಾಗಿ ವಾರಗಟ್ಟಲೆ ಕಾಯುವಂತಿಲ್ಲ. ಅಂಥವರಿಗೆ ಇಸಿಟಿ, ಅಂದರೆ ಅರಿವಳಿಕೆ ಕೊಟ್ಟು ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ, ಬೇಗ ಹಿಡಿಯುತ್ತದೆ, ಹೆಚ್ಚು ಹಿಡಿಯುತ್ತದೆ. ಜನ ಅದನ್ನು ಶಾಕ್ ಎಂದು ಕರೆದು ಹೆದರುವುದು ಬೇರೆ ಮಾತು. ರಾತ್ರಿ ಹೊತ್ತು ದಾರಿ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಮಾತ್ರೆಗಳ ಪಟ್ಟಿ

ಎಲ್ಲ ಚೀಟಿಗಳನ್ನೂ ಒಯ್ಯಿರಿ. ಬುಪ್ರೊಪಿಯಾನ್, ಕ್ಲೊಝಾಪಿನ್, ಟ್ರಮಡಾಲ್‌ನಂಥವು ಫಿಟ್ಸ್‌ನ ಸಾಧ್ಯತೆಯನ್ನು ತುಸು ಹೆಚ್ಚಿಸುತ್ತವೆ. ನಮ್ಮಲ್ಲಿ ನಿದ್ದೆಗೆಂದು ಧಾರಾಳವಾಗಿ ಬರೆಯುವ ಕ್ಲೊನಾಝೆಪಾಮ್, ಲೊರಾಝೆಪಾಮ್ ತೆಗೆದುಕೊಳ್ಳುವವರಲ್ಲಿ ಟಿಎಂಎಸ್‌ನ ಫಲ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಶುರು ಮಾಡುವ ಮೊದಲೇ ಅವನ್ನು ಇಳಿಸಲಾಗುತ್ತದೆಯೇ ಎಂದು ವೈದ್ಯರನ್ನು ಕೇಳಲೇಬೇಕು. ಆದರೆ ನೀವಾಗಿಯೇ ಒಂದೇ ಏಟಿಗೆ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೂ ಫಿಟ್ಸ್ ಬರುತ್ತದೆ. ಕುಡಿಯುವ ಅಭ್ಯಾಸವಿದ್ದು ದಿಢೀರನೆ ಬಿಟ್ಟವರಿಗೂ ಇದೇ ಅಪಾಯ. ಒಮ್ಮೆ ಶುರುವಾದ ಮೇಲೆ ನಡುವೆ ಮಾತ್ರೆ ಬದಲಾದರೆ ಅದೇ ದಿನ ತಂತ್ರಜ್ಞರಿಗೆ ತಿಳಿಸಿ. ಕಾರಣ ಮುಂದಿದೆ.

ಹೆಬ್ಬೆರಳು ಕುಣಿಯುವ ದಿನ

ಮೊದಲ ದಿನ ಚಿಕಿತ್ಸೆಗಿಂತ ಅಳತೆಯೇ ಹೆಚ್ಚು, ಹಾಗೆಯೇ ಇರಬೇಕು. ಎಷ್ಟು ಶಕ್ತಿಯ ಪಲ್ಸ್ ಕೊಡಬೇಕು ಎನ್ನುವುದು ಒಬ್ಬೊಬ್ಬರ ತಲೆಗೆ ಒಂದೊಂದು. ಅದನ್ನು ಕಂಡುಹಿಡಿಯಲು ಬಲಗೈಯನ್ನು ದಿಂಬಿನ ಮೇಲೆ ಸಡಿಲವಾಗಿ ಇಡಿಸಿ, ಎಡ ತಲೆಯಲ್ಲಿ ಕೈಯನ್ನು ಆಡಿಸುವ ಜಾಗದ ಮೇಲೆ ಒಂದೊಂದೇ ಪಲ್ಸ್ ಕೊಡುತ್ತಾರೆ. ನೆತ್ತಿಯ ನಡುವಿನಿಂದ ಎಡಗಿವಿಯ ಕಡೆಗೆ ಸುಮಾರು 5 ಸೆಂಟಿಮೀಟರ್ ಸರಿದು ಹುಡುಕಾಟ ಆರಂಭ. ಎಂಟರ ಆಕಾರದ ಕಾಯಿಲ್‌ನ ಹಿಡಿ ಹಿಂದಕ್ಕೆ, ಹೊರಕ್ಕೆ, ನಡುಗೆರೆಗೆ 45 ಡಿಗ್ರಿ ಓರೆಯಾಗಿರಬೇಕು. ಕಾಲು ಅದುರಿದರೆ ಕಾಯಿಲ್ ನಡುಗೆರೆಗೆ ತೀರಾ ಹತ್ತಿರವಿದೆ; ಮುಖ ಸೆಳೆದರೆ ಕಿವಿಯ ಕಡೆಗೆ ಜಾರಿದೆ. ಹೆಬ್ಬೆರಳು ಅತಿ ಜೋರಾಗಿ ಕುಣಿಯುವ ಬಿಂದು ಸಿಕ್ಕ ಮೇಲೆ ಅಲ್ಲಿಯೇ ನಿಂತು ಶಕ್ತಿಯನ್ನು ಮೆಲ್ಲಮೆಲ್ಲಗೆ ಇಳಿಸುತ್ತಾರೆ. ಹತ್ತು ಪಲ್ಸ್‌ಗಳಲ್ಲಿ ಐದಕ್ಕಾದರೂ ಬೆರಳು ಸ್ಪಂದಿಸುವ ಅತಿ ಕಡಿಮೆ ಶಕ್ತಿಯೇ ಮೋಟಾರ್ ಥ್ರೆಶೋಲ್ಡ್.

ಇದು ಹತ್ತಿಪ್ಪತ್ತು ನಿಮಿಷದ ತಾಳ್ಮೆಯ ಕೆಲಸ. ಎರಡು ಪಲ್ಸ್‌ಗಳ ನಡುವೆ ಐದಾರು ಸೆಕೆಂಡ್ ಬಿಡಬೇಕು, ಕೈ ಬಿಗಿ ಹಿಡಿದಿರಬಾರದು. ಬಿಗಿ ಹಿಡಿದ ಕೈ ಕಡಿಮೆ ಶಕ್ತಿಗೇ ಕುಣಿದು ತಪ್ಪು ಲೆಕ್ಕ ಕೊಡುತ್ತದೆ. ಬರಿಗಣ್ಣಿನಲ್ಲಿ ನೋಡಿ ನಿರ್ಧರಿಸಿದರೆ ಲೆಕ್ಕ ತುಸು ಹೆಚ್ಚಿಗೆ ಬರುತ್ತದೆ. ಕೈಗೆ ಸ್ನಾಯುವಿನ ವಿದ್ಯುತ್ ಅಳೆಯುವ ಇಎಂಜಿ ಪಟ್ಟಿ ಅಂಟಿಸಿ 50 ಮೈಕ್ರೊವೋಲ್ಟ್ ದಾಟುವ ಸ್ಪಂದನ ಎಣಿಸುವ ಕಡೆಯೇ ಹೋಗಿ ಎಂಬುದು ನಮ್ಮ ಸಲಹೆ. ಥ್ರೆಶೋಲ್ಡ್ ನೋಡದೆ 'ಎಲ್ಲರಿಗೂ 60 ಇಡುತ್ತೇವೆ' (ಯಂತ್ರದ ಗರಿಷ್ಠ ಶಕ್ತಿಯ ಶೇಕಡಾ 60) ಎನ್ನುವ ಜಾಗದಿಂದ ಎದ್ದು ಬನ್ನಿ. ನಿದ್ದೆಗೆಟ್ಟರೆ, ಮಾತ್ರೆ ಬದಲಾದರೆ ಈ ಸಂಖ್ಯೆಯೂ ಬದಲಾಗುತ್ತದೆ. ವಾರಕ್ಕೊಮ್ಮೆಯಾದರೂ ಮತ್ತೆ ಅಳೆಯಲು ಕೇಳಿ.

ಅಳತೆ ಟೇಪಿನ ಕೆಲಸ

ಚಿಕಿತ್ಸೆ ಕೊಡುವುದು ಹೆಬ್ಬೆರಳಿನ ಜಾಗಕ್ಕಲ್ಲ, ಅದಕ್ಕಿಂತ ಮುಂದೆ, ಎಡ ಹಣೆಯ ಮೇಲ್ಭಾಗದ ಡಿಎಲ್‌ಪಿಎಫ್‌ಸಿ ಎಂಬ ಮಿದುಳಿನ ಭಾಗಕ್ಕೆ. ಹಳೆಯ ರೂಢಿಯಲ್ಲಿ ಹೆಬ್ಬೆರಳಿನ ಬಿಂದುವಿನಿಂದ 5 ಸೆಂಟಿಮೀಟರ್ ಮುಂದೆ ಗುರುತು ಹಾಕಿದರೆ ಮುಗಿಯಿತು. ತಲೆಗಳು ಒಂದೇ ಅಳತೆಯವಲ್ಲವಲ್ಲ! 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೀಗೆ ಗುರುತಿಸಿದ 22 ಜನರ ಪೈಕಿ 7 ಮಂದಿಗೆ ಮಾತ್ರ ಸರಿಯಾದ ಜಾಗ ಸಿಕ್ಕಿತ್ತು. ಉಳಿದವರಿಗೆ ಅದಕ್ಕಿಂತ ಹಿಂದೆ ಬಿದ್ದಿತ್ತು.

ಎಂಆರ್‌ಐ ನೋಡಿಕೊಂಡು ದಾರಿ ತೋರಿಸುವ ನ್ಯಾವಿಗೇಶನ್ ಯಂತ್ರವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಬೀಮ್ ಎಫ್‌3 ವಿಧಾನ ಸಾಕು, ಬೇಕಾದದ್ದು ಒಂದು ಟೇಪು. ಎಫ್‌3 ಎಂಬುದು ಡಿಎಲ್‌ಪಿಎಫ್‌ಸಿಯ ಮೇಲೆ ಬರುವ ತಲೆಯ ಬಿಂದುವಿನ ಹೆಸರು. ಮೂಗಿನ ಬುಡದ ಕುಳಿಯಿಂದ ಹಿಂದಲೆಯ ಉಬ್ಬು ಮೂಳೆಯವರೆಗೆ ಒಂದು ಅಳತೆ. ಎಡಗಿವಿಯ ತೂತಿನ ಮುಂದಿರುವ ಪುಟ್ಟ ಉಬ್ಬಿನಿಂದ ನೆತ್ತಿಯ ಮೇಲಾಗಿ ಬಲಗಿವಿಯ ಉಬ್ಬಿಗೆ ಇನ್ನೊಂದು. ಹುಬ್ಬಿನ ಮಟ್ಟದಲ್ಲಿ ತಲೆಯ ಸುತ್ತಳತೆ ಮೂರನೆಯದು. ಮೂರನ್ನೂ ತಂತ್ರಾಂಶಕ್ಕೆ ಕೊಟ್ಟರೆ ಅದು ಎರಡು ದೂರಗಳನ್ನು ಹೇಳುತ್ತದೆ: ನಡುಗೆರೆಯಿಂದ ಸುತ್ತಳತೆಯ ಗುಂಟ ಎಷ್ಟು, ಅಲ್ಲಿಗೆ ನೆತ್ತಿಯಿಂದ ಕೆಳಗೆ ಎಷ್ಟು. ಟೇಪು ಕೂದಲ ಮೇಲೆ ತೇಲಿದರೆ ಒಂದು ಸೆಂಟಿಮೀಟರ್ ಸುಮ್ಮನೆ ಹೋಗುತ್ತದೆ, ಒತ್ತಿ ಹಿಡಿಯಬೇಕು.

ಗುರುತನ್ನು ಟೊಪ್ಪಿಗೆಯ ಮೇಲೆ ಹಾಕಿದ್ದರೆ ದಿನವೂ ಅದೇ ಟೊಪ್ಪಿಗೆ, ಅದೇ ಜಾಗದಲ್ಲಿ ಕೂರಬೇಕು. ಇಲ್ಲಿ ಎಡವಿಸುವುದು ನಮ್ಮ ತಲೆ ಎಣ್ಣೆ. ಎಣ್ಣೆ ಹಚ್ಚಿದ ತಲೆಯಲ್ಲಿ ಟೊಪ್ಪಿಗೆ ಜಾರುತ್ತದೆ. ಬಿಗಿ ತುರುಬು ಕಟ್ಟಿದರೆ ತಲೆ ಹಿಂದಿನ ದಿಂಬಿಗೆ ಸರಿಯಾಗಿ ಒರಗುವುದಿಲ್ಲ; ಕಾಯಿಲ್‌ನ ಕೆಳಗೆ ಜಡೆ ಸಿಕ್ಕಿಕೊಂಡರೆ ಅರ್ಧ ಸೆಂಟಿಮೀಟರ್ ಎತ್ತಿ ಹಿಡಿದಂತೆ. ಸಾಮಾನ್ಯ ಕಾಯಿಲ್‌ನ ಪ್ರಭಾವ ಎರಡು ಮೂರು ಸೆಂಟಿಮೀಟರ್ ಆಳಕ್ಕಷ್ಟೇ ಇಳಿಯುವುದರಿಂದ ಆ ಅರ್ಧವೂ ದುಬಾರಿ. ಹಿಂದಿನ ದಿನ ತಲೆ ಸ್ನಾನ, ಬೆಳಗ್ಗೆ ಎಣ್ಣೆ ಇಲ್ಲ, ಕೂದಲು ಬಿಚ್ಚಿ ಬಲಕ್ಕೆ ಇಳಿಬಿಟ್ಟುಕೊಳ್ಳಿ. ಓಲೆ, ಮೂಗುತಿ, ಹೇರ್‌ಪಿನ್, ಕನ್ನಡಕ ತೆಗೆದಿಡಿ. ಮೊಬೈಲು, ಎಟಿಎಂ ಕಾರ್ಡು ಕೋಣೆಯ ಹೊರಗೆ ಇರಲಿ.

ಸಿಟ್ಟಿಂಗ್‌ಗಳು

ಇದು ಸುಲಭ. ಕಿವಿಗೆ ಇಯರ್‌ಪ್ಲಗ್ ಹಾಕಿ, ಅದನ್ನು ಮರೆಯಬಾರದು. ಕಾಯಿಲ್‌ನ ಟಕ್ ಟಕ್ ಸದ್ದು ಕಿವಿಗೆ ಹಾನಿ ಮಾಡುವಷ್ಟು ಜೋರು. ಥ್ರೆಶೋಲ್ಡ್‌ನ 120 ಶೇಕಡಾ ಶಕ್ತಿ ರೂಢಿ: ಥ್ರೆಶೋಲ್ಡ್ 50 ಬಂದರೆ 60. ಮೊದಲ ದಿನಗಳಲ್ಲಿ ಗೆಣ್ಣಿನಿಂದ ತಲೆಗೆ ಮೊಟಕಿದಂತೆ ನೋಯುತ್ತದೆ, ಹಾಗಾಗಿ ಕಡಿಮೆಯಿಂದ ಆರಂಭಿಸಿ ಒಂದು ವಾರದೊಳಗೆ 120ಕ್ಕೆ ಏರಿಸುವುದು ಜಾಣತನ. ಹುಬ್ಬು ಅದುರಿದರೆ ಕಾಯಿಲ್‌ನ ಕೋನ ಚೂರು ತಿರುಗಿಸಬಹುದು, ಜಾಗ ಬದಲಿಸುವಂತಿಲ್ಲ.

ಹಳೆಯ 10 ಹರ್ಟ್ಸ್ (ಸೆಕೆಂಡಿಗೆ ಹತ್ತು ಪಲ್ಸ್) ಕ್ರಮದಲ್ಲಿ 4 ಸೆಕೆಂಡ್ ಪಲ್ಸ್, 26 ಸೆಕೆಂಡ್ ಬಿಡುವು. ಹೀಗೆ 75 ಸುತ್ತು, 3000 ಪಲ್ಸ್, ಮೂವತ್ತೇಳೂವರೆ ನಿಮಿಷ. ಪಲ್ಸ್‌ಗಳನ್ನು ಪುಟ್ಟ ಪುಟ್ಟ ಗುಂಪಾಗಿ ಒತ್ತೊತ್ತಾಗಿ ಕೊಡುವ ಥೀಟಾ ಬರ್ಸ್ಟ್ ಕ್ರಮದಲ್ಲಿ 600 ಪಲ್ಸ್ ಸುಮಾರು ಮೂರೇ ನಿಮಿಷಕ್ಕೆ ಮುಗಿಯುತ್ತವೆ. 2018ರ ಕೆನಡಾದ ದೊಡ್ಡ ಪ್ರಯೋಗದಲ್ಲಿ ಎರಡೂ ಒಂದೇ ಮಟ್ಟದ ಫಲ ಕೊಟ್ಟವು: ಅರ್ಧದ ಆಸುಪಾಸಿನಷ್ಟು ಜನಕ್ಕೆ ಸ್ಪಷ್ಟ ಸುಧಾರಣೆ, ಮೂರರಲ್ಲೊಬ್ಬರ ಆಸುಪಾಸಿಗೆ ಪೂರ್ತಿ ಉಪಶಮನ. ನಿಮಗೆ ಆಯ್ಕೆ ಇದ್ದರೆ ಮೂರು ನಿಮಿಷದ್ದನ್ನೇ ಆರಿಸಿ. ಮೂವತ್ತೇಳು ನಿಮಿಷ ಅಲುಗಾಡದೆ ಕೂರುವವರು ಅಪರೂಪ.

'ಐದೇ ದಿನದಲ್ಲಿ' ಎಂಬ ಜಾಹೀರಾತಿಗೆ ಮರುಳಾಗುವ ಮೊದಲು ಒಂದು ಪ್ರಶ್ನೆ ಕೇಳಿ. 2022ರಲ್ಲಿ ಎಫ್‌ಡಿಎ ಒಪ್ಪಿದ ಐದು ದಿನದ ಕ್ರಮದಲ್ಲಿ ದಿನಕ್ಕೆ ಹತ್ತು ಸಿಟ್ಟಿಂಗ್, ನಡುವೆ 50 ನಿಮಿಷ ಬಿಡುವು, ಮೊದಲೇ ತೆಗೆದ, ಮಿದುಳಿನ ಕೆಲಸ ತೋರಿಸುವ ಎಫ್‌ಎಂಆರ್‌ಐ ನೋಡಿ ಗುರುತಿಸಿದ ಬಿಂದು ಇವೆ. ಇವುಗಳಲ್ಲಿ ಏನೇನು ಇಲ್ಲಿದೆ? ಉತ್ತರ ತಡವರಿಸಿದರೆ ಬೇಡ. ಆನ್‌ಲೈನ್‌ನಲ್ಲಿ ಮಾರುವ ಅಯಸ್ಕಾಂತದ ಟೊಪ್ಪಿಗೆ, ಪಟ್ಟಿಗಳಿಗೂ ಟಿಎಂಎಸ್‌ಗೂ ಸಂಬಂಧವೇ ಇಲ್ಲ. ಅವುಗಳ ಅಯಸ್ಕಾಂತ ಸುಮ್ಮನೆ ಕೂತಿರುತ್ತದೆ, ಬದಲಾಗದ ಕಾಂತಕ್ಷೇತ್ರ ನರಕೋಶದಲ್ಲಿ ವಿದ್ಯುತ್ ಹುಟ್ಟಿಸುವುದಿಲ್ಲ.

ಫಿಟ್ಸ್ ಬರುವುದು ಬಹಳ ಅಪರೂಪ. ಬಂದರೆ ಕಾಯಿಲ್ ತೆಗೆದು ಒಂದು ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ಚಮಚ, ಕೈಗೆ ಬೀಗದ ಕೀಲಿ ತುರುಕಬಾರದು. ಆಮ್ಲಜನಕ ಮತ್ತು ತುರ್ತು ಚುಚ್ಚುಮದ್ದು ಕೋಣೆಯಲ್ಲೇ ಇವೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಿ. ಹಿಂದಿನ ರಾತ್ರಿ ನಿದ್ದೆಯೇ ಬಂದಿಲ್ಲವಾದರೆ ಅಂದಿನ ಸಿಟ್ಟಿಂಗ್ ಮುಂದೂಡುವುದು ಕ್ಷೇಮ.

ಎರಡನೇ ವಾರದ ಬೇಸರ

ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ. ಹತ್ತು ಸಿಟ್ಟಿಂಗ್ ಆದರೂ ಬದಲಾವಣೆ ಕಾಣದೆ ಮನೆಯವರು ನಿಲ್ಲಿಸುವುದೇ ಅತಿ ಸಾಮಾನ್ಯ ತಪ್ಪು. ಅನೇಕರಿಗೆ ಮೂರನೆಯ ನಾಲ್ಕನೆಯ ವಾರದಲ್ಲೇ ತಿರುವು. ಕೆಲವರಲ್ಲಿ ನಿದ್ದೆ, ಹಸಿವು ಮೊದಲು ಸುಧಾರಿಸುತ್ತವೆ. ಮನಸ್ಸು ಹಗುರಾಗಿದೆ ಎಂದು ರೋಗಿಗೆ ಅನ್ನಿಸುವುದು ತಡ. ಅದಕ್ಕೇ ವಾರಕ್ಕೊಮ್ಮೆ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿಸಿ ಅಂಕ ಬರೆದಿಡಿ. ಮೂವತ್ತು ಸಿಟ್ಟಿಂಗ್ ಮುಗಿದ ಮೇಲೆ ಒಮ್ಮೆಲೇ ನಿಲ್ಲಿಸದೆ ಮೊದಲ ವಾರ ಮೂರು, ಮುಂದಿನ ವಾರ ಎರಡು, ಕೊನೆಗೆ ಒಂದು ಎಂದು ಇಳಿಸುವುದು ರೂಢಿ. ಮಾತ್ರೆ ವೈದ್ಯರು ಹೇಳುವವರೆಗೂ ಇರಲಿ.

ಖರ್ಚಿನ ವಿಷಯ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆನ್ನುತ್ತದೆ, ಆದರೆ ಟಿಎಂಎಸ್ ಹೊರರೋಗಿ ಚಿಕಿತ್ಸೆ. ಪಾಲಿಸಿಯಲ್ಲಿ ಹೊರರೋಗಿ ವೆಚ್ಚ ಇಲ್ಲದಿದ್ದರೆ ಕ್ಲೇಮ್ ಸಿಕ್ಕಿಬೀಳುತ್ತದೆ. ಮುಂಗಡ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಕೊನೆಯ ದಿನ ಬಿಲ್ಲಿನ ಜತೆ ಒಂದು ಚೀಟಿ ಬರೆಸಿಕೊಳ್ಳಿ: ಥ್ರೆಶೋಲ್ಡ್ ಎಷ್ಟಿತ್ತು, ಎಫ್‌3ಯ ಎರಡು ದೂರಗಳು, ಯಾವ ಕ್ರಮ, ಯಾವ ಬಗೆಯ ಕಾಯಿಲ್, ಒಟ್ಟು ಎಷ್ಟು ಸಿಟ್ಟಿಂಗ್. ಖಿನ್ನತೆ ಮರುಕಳಿಸಿದರೆ ಬೇರೆ ಊರಿನ ವೈದ್ಯರೂ ಅದನ್ನು ನೋಡಿ ಅದೇ ಬಿಂದುವಿನಿಂದ ಆರಂಭಿಸಬಹುದು. ಥ್ರೆಶೋಲ್ಡ್ ಮಾತ್ರ ಮತ್ತೆ ಹೊಸದಾಗಿ ಅಳೆಯಬೇಕು.