ಬಾಣಂತಿಯ ಸೊಂಟ, ಕೂಸಿನ ಮೈ: ಮನೆಯಲ್ಲಿ ಆರೈಕೆ ಹೇಗೆ?

ಹೆರಿಗೆ ಮುಗಿಸಿ ತವರಿಗೆ ಬಂದವಳನ್ನು ನೋಡಲು ನೆಂಟರು ಬಂದರೆ ಮೊದಲು ಕೇಳುವುದು ಕೂಸಿನ ತೂಕ. ಆಮೇಲೆ ಅದು ಯಾರ ಹಾಗಿದೆ ಅನ್ನುವ ಚರ್ಚೆ. ಬಾಣಂತಿಯ ಸೊಂಟ ಹೇಗಿದೆ ಎಂದು ಕೇಳುವವರು ಕಡಿಮೆ. ಅವಳೇ ಹೇಳಿಕೊಂಡರೂ 'ಎಲ್ಲರಿಗೂ ಇರುತ್ತೆ ಬಿಡಮ್ಮ' ಎಂಬ ಉತ್ತರ ಸಿಗುತ್ತದೆ. ಎಲ್ಲರಿಗೂ ಇರುತ್ತೆ, ನಿಜ. ಹಾಗಂತ ಸುಮ್ನೆ ಸಹಿಸಿಕೊಳ್ಳಬೇಕಿಲ್ಲ.

ಹಾಸನ, ಚಿಕ್ಕಮಗಳೂರು ಕಡೆ ಬಾಣಂತನ ಎಂದರೆ ಎಣ್ಣೆ, ಹಂಡೆ ನೀರು, ಅಜ್ಜಿಯ ಕೈ. ಈಗ ಇದರ ಜೊತೆಗೆ ಸ್ನಾಯು, ಕೀಲುಗಳನ್ನು ಕೈಯಿಂದಲೇ ಸಡಿಲಿಸುವ ಆಸ್ಟಿಯೋಪಥಿ ಎಂಬ ಚಿಕಿತ್ಸೆಯ ಹೆಸರೂ ಕಿವಿಗೆ ಬೀಳುತ್ತಿದೆ. ಮೊಬೈಲಿನಲ್ಲಿ ಕೂಸಿನ ತಲೆಗೆ ಬೆರಳಿಟ್ಟು ಕೂತವರ ವಿಡಿಯೋ ನೋಡಿ, ನಮ್ಮ ಮಗುವಿಗೂ ಮಾಡಿಸಬೇಕಾ ಎಂದು ಕೇಳುವ ತಾಯಂದಿರಿದ್ದಾರೆ. ಅದಕ್ಕೂ ಉತ್ತರ ಹುಡುಕೋಣ. ಆದರೆ ಮೊದಲು ಮನೆಯಲ್ಲೇ ಸರಿ ಮಾಡಿಕೊಳ್ಳಬಹುದಾದ್ದನ್ನು ನೋಡಬೇಕು. ಏಕೆಂದರೆ ನೋವಿನ ಬಹುಪಾಲು ಹುಟ್ಟುವುದು ಕೂರುವ, ಏಳುವ, ಎತ್ತಿಕೊಳ್ಳುವ ರೀತಿಯಲ್ಲಿ.

ಮೊದಲು ಹಾಲೂಡಿಸುವ ಜಾಗ ಸರಿಮಾಡಿ

ಹೊಸ ಕೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಒಂದೊಂದು ಸಲಕ್ಕೆ ಅರ್ಧ ಗಂಟೆ ಎಂದರೂ ನಾಲ್ಕರಿಂದ ಆರು ಗಂಟೆ ಅಮ್ಮ ಒಂದೇ ಭಂಗಿಯಲ್ಲಿ ಕೂತಿರುತ್ತಾಳೆ. ಅದೂ ಮಂಚದ ಅಂಚಿನಲ್ಲಿ, ಬೆನ್ನಿಗೆ ಏನೂ ಆಸರೆ ಇಲ್ಲದೆ, ಕೂಸಿನ ಕಡೆಗೆ ಬಾಗಿಕೊಂಡು. ಕುತ್ತಿಗೆ, ಹೆಗಲು, ಸೊಂಟ ಮೂರೂ ಹಿಡಿದುಕೊಳ್ಳದೆ ಇನ್ನೇನಾಗುತ್ತದೆ?

ಗೋಡೆಗೆ ಅಥವಾ ಬೆನ್ನಿರುವ ಕುರ್ಚಿಗೆ ಪೂರ್ತಿ ಒರಗಿ ಕೂರಿ. ಸೊಂಟದ ಹಿಂದೆ ಸಣ್ಣ ದಿಂಬು ಅಥವಾ ಸುತ್ತಿದ ಟವೆಲ್ ಇಡಿ. ಕಾಲು ನೇತಾಡಬಾರದು, ಪಾದದ ಕೆಳಗೆ ಒಂದು ಮಣೆ ಇರಲಿ. ತೊಡೆಯ ಮೇಲೆ ದಿಂಬು ಅಥವಾ ಮಡಚಿದ ಕಂಬಳಿ ಇಟ್ಟು, ಕೂಸು ಎದೆಯ ಮಟ್ಟಕ್ಕೆ ಬರುವಂತೆ ಮಲಗಿಸಿ. ಕೂಸಿನ ಹೊಟ್ಟೆ ಅಮ್ಮನ ಹೊಟ್ಟೆಗೆ ತಾಗಿರಬೇಕು. ಅದು ಕತ್ತು ತಿರುಗಿಸಿ ಕುಡಿಯುವಂತಾಗಬಾರದು. ಕೂಸನ್ನು ಎದೆಯ ಹತ್ತಿರ ತನ್ನಿ, ನೀವು ಅದರ ಕಡೆಗೆ ಬಾಗಬೇಡಿ. ಇಷ್ಟು ಮಾಡಿದರೆ ಎಷ್ಟೋ ಜನಕ್ಕೆ ಒಂದೇ ವಾರದಲ್ಲಿ ಹೆಗಲು ನೋವು ಇಳಿಯುತ್ತದೆ.

ಸಿಸೇರಿಯನ್ ಆದವರಿಗೆ ಹೊಲಿಗೆಯ ಮೇಲೆ ಭಾರ ಬೀಳುತ್ತದೆ. ಅವರು ಕೂಸನ್ನು ಪಕ್ಕೆಯಲ್ಲಿ, ತೋಳಿನ ಕೆಳಗೆ ಹಿಡಿದು, ಅದರ ಕಾಲು ಬೆನ್ನಿನ ಕಡೆ ಹೋಗುವಂತೆ ಕುಡಿಸಬಹುದು. ರಾತ್ರಿ ಹೊತ್ತು ಮಗ್ಗುಲಾಗಿ ಮಲಗಿ ಕುಡಿಸುವುದೂ ಆರಾಮ. ಕುಡಿಸಿದ ಮೇಲೆ ಕೂಸನ್ನು ಅಂಗಾತ ಮಲಗಿಸಿ. ಅದರ ಪಕ್ಕ ಮೆತ್ತನೆ ದಿಂಬು, ದಪ್ಪ ಹೊದಿಕೆ ಬೇಡ.

ಹಾಸಿಗೆಯಿಂದ ನೆಟ್ಟಗೆ ಎದ್ದು ಕೂರಬೇಡಿ. ಮಂಡಿ ಮಡಚಿ, ಮೈಯೆಲ್ಲ ಒಟ್ಟಿಗೆ ಒಂದು ಮಗ್ಗುಲಿಗೆ ಹೊರಳಿ. ಕಾಲು ಕೆಳಗಿಳಿಸಿ, ಕೈ ಊರಿ ಏಳಿ. ಕೆಮ್ಮು, ಸೀನು ಬಂದಾಗ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಯಿರಿ.

ಹೊಟ್ಟೆ ಕಟ್ಟುವುದು, ಒಳಗಿನ ಬಲ

ಬಸುರಿನಲ್ಲಿ ಹೊಟ್ಟೆಯ ಸ್ನಾಯು ಹಿಗ್ಗಿರುತ್ತವೆ, ಸೊಂಟದ ಕೀಲು ಸಡಿಲವಾಗಿರುತ್ತವೆ. ಹೆರಿಗೆಯ ಮಾರನೇ ದಿನಕ್ಕೆ ಅವು ಹಳೆಯ ಸ್ಥಿತಿಗೆ ಬರುವುದಿಲ್ಲ, ತಿಂಗಳುಗಳೇ ಬೇಕು. ಹಳೇ ಸೀರೆಯಲ್ಲಿ ಹೊಟ್ಟೆ ಕಟ್ಟುವ ರೂಢಿ ತಪ್ಪೇನಲ್ಲ, ಹಗುರವಾಗಿ ಕಟ್ಟಿದರೆ ಬೆನ್ನಿಗೆ ಆಸರೆ ಸಿಗುತ್ತದೆ. ಉಸಿರು ಕಟ್ಟುವಷ್ಟು ಬಿಗಿ ಮಾಡಿದರೆ ಮಾತ್ರ ಒತ್ತಡವೆಲ್ಲ ಕೆಳಕ್ಕೆ, ಗರ್ಭಕೋಶದ ಕಡೆಗೆ ಹೋಗುತ್ತದೆ. ಹೊಟ್ಟೆ ಕರಗುವುದೂ ಇಲ್ಲ.

ಅದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿದೆ. ಮೂತ್ರ ತಡೆಯುವಾಗ ಬಿಗಿ ಮಾಡುವ ಸ್ನಾಯುಗಳನ್ನು ಐದು ಎಣಿಸುವವರೆಗೆ ಬಿಗಿ ಹಿಡಿದು ಬಿಡಿ. ಒಂದು ಸಲಕ್ಕೆ ಹತ್ತರಂತೆ ದಿನಕ್ಕೆ ಮೂರು ಸಲ ಮಾಡಿ. ಮೂತ್ರ ಮಾಡುವಾಗಲೇ ಇದನ್ನು ಮಾಡಬಾರದು. ಕೆಮ್ಮಿದಾಗ ಹನಿ ಹನಿ ಮೂತ್ರ ಹೋಗುವ ತೊಂದರೆಯನ್ನು ಎಷ್ಟೋ ಹೆಂಗಸರು ಜೀವನಪೂರ್ತಿ ಮುಚ್ಚಿಟ್ಟುಕೊಳ್ಳುತ್ತಾರೆ. ಈ ಸಣ್ಣ ವ್ಯಾಯಾಮದಿಂದ ಅದು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಎರಡು ತಿಂಗಳಾದ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ತಲೆ ಸ್ವಲ್ಪ ಎತ್ತಿ. ಹೊಕ್ಕುಳ ಹತ್ತಿರ ಬೆರಳಿಟ್ಟು ನೋಡಿ. ಹೊಟ್ಟೆಯ ಎಡ ಬಲ ಸ್ನಾಯುಗಳ ನಡುವೆ ಎರಡು ಬೆರಳಿಗಿಂತ ಜಾಸ್ತಿ ಸಂದು ಸಿಕ್ಕರೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಅಲ್ಲಿಯವರೆಗೆ ಹೊಟ್ಟೆ ಕರಗಿಸುವ ವಿಡಿಯೋ ನೋಡಿ ಕಸರತ್ತು ಮಾಡಬೇಡಿ.

ಎಣ್ಣೆ ನೀರಿನ ದಿನ

ಬಾಣಂತಿಗೆ ಮೈಗೆ ಎಣ್ಣೆ ಹಚ್ಚಿ ಉಜ್ಜುವುದು, ಬಿಸಿನೀರು ಹಾಕುವುದು ನಿಜಕ್ಕೂ ಹಿತ. ಇದನ್ನು ಬಿಡಿ ಎಂದು ಯಾರೂ ಹೇಳುವುದಿಲ್ಲ. ನೀರು ಮಾತ್ರ ಚರ್ಮ ಕೆಂಪಾಗುವಷ್ಟು ಸುಡಬಾರದು. ರಕ್ತ ಕಡಿಮೆ ಇರುವವರು ಹಬೆ ತುಂಬಿದ ಬಚ್ಚಲಲ್ಲಿ ತಲೆ ಸುತ್ತಿ ಬೀಳುತ್ತಾರೆ, ಜೊತೆಗೊಬ್ಬರು ಇರಲಿ. ಸಿಸೇರಿಯನ್ ಆಗಿದ್ದರೆ ಗಾಯದ ಮೇಲೆ ಎಣ್ಣೆ ಬೇಡ, ಹೊಟ್ಟೆ ನೀವುವುದೂ ಬೇಡ. ಆರು ವಾರದ ನಂತರ ವೈದ್ಯರನ್ನು ಕೇಳಿ ನೋಡಿ.

ಒಂದು ಕಾಲಿನ ಮೀನಖಂಡ ಮಾತ್ರ ಊದಿ, ಮುಟ್ಟಿದರೆ ನೋವಾಗುತ್ತಿದ್ದರೆ ಅದನ್ನು ಖಂಡಿತ ಉಜ್ಜಬೇಡಿ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಮಲೆನಾಡಿನ ಮನೆಗಳಿಗೆ ಇನ್ನೊಂದು ಮಾತು. ಮೂಡಿಗೆರೆ, ಸಕಲೇಶಪುರದ ಮಳೆಯಲ್ಲಿ ಬಟ್ಟೆಯೂ ಒಣಗುವುದಿಲ್ಲ, ಮೈಯೂ ಬೆಚ್ಚಗಾಗುವುದಿಲ್ಲ. ಹಾಗಾಗಿ ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ಕಿಟಕಿ ಬಾಗಿಲು ಹಾಕಿಬಿಡುತ್ತಾರೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ಹೋಗಬಹುದು. ಕೋಣೆ ಬೆಚ್ಚಗೆ ಮಾಡಿ, ಮಲಗುವ ಮುಂಚೆ ಕೆಂಡ ಹೊರಗಿಡಿ. ಕಿಟಕಿ ಸ್ವಲ್ಪ ತೆರೆದಿರಲಿ.

ಬಾಣಂತಿ ಜಾಸ್ತಿ ನೀರು ಕುಡಿಯಬಾರದು ಎಂಬ ಮಾತನ್ನು ಇಲ್ಲೇ ಬಿಟ್ಟುಬಿಡಿ. ಹಾಲು ಕುಡಿಸುವವಳಿಗೆ ಬಾಯಾರಿಕೆ ಜಾಸ್ತಿ. ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ ತಿನ್ನಲಿ, ಅದರ ಜೊತೆಗೆ ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಹೆರಿಗೆಯ ನಂತರವೂ 180 ದಿನ ತೆಗೆದುಕೊಳ್ಳಲಿ. ಎರಡನ್ನೂ ಒಟ್ಟಿಗೆ ನುಂಗಬಾರದು, ಒಂದು ಬೆಳಿಗ್ಗೆ ಆದರೆ ಇನ್ನೊಂದು ಮಧ್ಯಾಹ್ನ.

ಕೂಸಿಗೆ ಎಣ್ಣೆ ಹಚ್ಚುವುದು

ಹೊಟ್ಟೆ ತುಂಬಿದ ತಕ್ಷಣವೂ ಬೇಡ, ಹಸಿದು ಅಳುವಾಗಲೂ ಬೇಡ. ಗಾಳಿ ಬೀಸದ ಬೆಚ್ಚಗಿನ ಜಾಗ ನೋಡಿ. ಬಳೆ, ಉಂಗುರ ತೆಗೆದಿಡಿ. ಕೊಬ್ಬರಿ ಎಣ್ಣೆ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ.

ಕಾಲಿನಿಂದ ಶುರು ಮಾಡಿ. ತೊಡೆಯಿಂದ ಪಾದದವರೆಗೆ ನಿಧಾನವಾಗಿ ಸವರಿ. ಆಮೇಲೆ ಕೈ, ಎದೆ, ಬೆನ್ನು. ಹೊಕ್ಕುಳ ಬಳ್ಳಿ ಬಿದ್ದು ಒಣಗುವವರೆಗೆ ಹೊಟ್ಟೆ ಮುಟ್ಟಬೇಡಿ. ಒಣಗಿದ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಸುತ್ತ ಸವರಬಹುದು. ಎಷ್ಟು ಒತ್ತಬೇಕು? ಒಬ್ಬಟ್ಟು ತಟ್ಟುವಾಗ ಹೂರಣ ಹೊರಗೆ ಬರದಂತೆ ಕೈ ಆಡಿಸುತ್ತೀರಲ್ಲ, ಅಷ್ಟು ಸಾಕು. ಕೂಸು ಮುಖ ತಿರುಗಿಸಿದರೆ, ಮೈ ಸೆಟೆದರೆ, ಅತ್ತರೆ ನಿಲ್ಲಿಸಿ. ಅಳುವ ಮಗುವನ್ನು ಗಟ್ಟಿ ಹಿಡಿದು 'ಅತ್ತರೆ ಪುಪ್ಪುಸಕ್ಕೆ ಒಳ್ಳೇದು' ಎನ್ನುವ ಮಾತಿಗೆ ಅರ್ಥವಿಲ್ಲ.

ಈಗ ಬಿಡಬೇಕಾದವು. ನೀರು ಹಾಕುವ ಅಜ್ಜಿಯ ಮನಸ್ಸು ನೋಯಿಸದೆ ಹೇಳುವುದು ಕಷ್ಟ, ಗೊತ್ತು. ಆದರೂ ಹೇಳಬೇಕು. ತಲೆ ದುಂಡಗಾಗಲಿ ಎಂದು ಒತ್ತಬಾರದು. ಮುಂದಿನ ನೆತ್ತಿ ಕೂಡುವುದಕ್ಕೆ ವರ್ಷದಿಂದ ಒಂದೂವರೆ ವರ್ಷ ಬೇಕು, ಹೆರಿಗೆಯಲ್ಲಿ ಉದ್ದವಾದ ತಲೆ ತಾನೇ ದುಂಡಗಾಗುತ್ತದೆ. ಮೂಗು ನೇರವಾಗಲಿ ಎಂದು ಎಳೆಯುವುದು ಬೇಡ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡವೇ ಬೇಡ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರುತ್ತದೆ. ಕೂಸಿನ ಎದೆ ಹಿಂಡಿ ಹಾಲು ತೆಗೆದರೆ ಕೀವಾಗುತ್ತದೆ. ಕಾಲು ಹಿಡಿದು ತಲೆಕೆಳಗೆ ಮಾಡುವುದಂತೂ ನೋಡಲಿಕ್ಕೇ ಭಯ. ಸಾಂಬ್ರಾಣಿ ಹೊಗೆಯನ್ನು ಕೂಸಿನ ಮುಖಕ್ಕೆ ಹಿಡಿಯಬೇಡಿ, ಕಣ್ಣಿಗೆ ಕಾಡಿಗೆ ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬೇಡಿ.

ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ಇದ್ದ ಕೂಸಿಗೆ ಎಣ್ಣೆ ನೀರಿನ ಆತುರ ಬೇಡ. ಅದಕ್ಕೆ ಬೇಕಿರುವುದು ಮೈಯ ಬಿಸಿ. ಬರೀ ಎದೆಗೆ ಕೂಸನ್ನು ಅವಚಿಕೊಂಡು ಮೇಲೆ ಬಟ್ಟೆ ಸುತ್ತಿಕೊಳ್ಳುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದದ್ದು. ಇಂದು ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳುತ್ತದೆ. ಇದನ್ನು ಅಪ್ಪನೂ ಮಾಡಬಹುದು. ಅಂಗಿ ಬಿಚ್ಚಿ ಕೂರಲು ನಮ್ಮ ಗಂಡಸರಿಗೆ ಸಂಕೋಚ ಯಾಕೋ ಗೊತ್ತಿಲ್ಲ, ಬೇಸಿಗೆಯಲ್ಲಿ ಜಗುಲಿ ಮೇಲೆ ಹಾಗೇ ಕೂರುತ್ತಾರೆ ಅಲ್ವಾ?

ಕತ್ತು, ಸೊಂಟ, ಸಂಜೆಯ ಅಳು

ಕೂಸು ಯಾವಾಗಲೂ ಒಂದೇ ಕಡೆ ತಲೆ ತಿರುಗಿಸುತ್ತಿದ್ದರೆ ಆ ಭಾಗ ಚಪ್ಪಟೆಯಾಗುತ್ತದೆ. ಮಲಗಿಸುವ ದಿಕ್ಕು ಬದಲಿಸಿ. ಅದು ನೋಡದ ಕಡೆಯಿಂದ ಮಾತಾಡಿಸಿ, ಅದೇ ಕಡೆ ಗಿಲಕಿ ಆಡಿಸಿ. ಎಚ್ಚರವಾಗಿದ್ದಾಗ ನಿಮ್ಮ ಕಣ್ಣೆದುರೇ ಬೋರಲು ಮಲಗಿಸಿ. ಮೊದಲು ಒಂದೆರಡು ನಿಮಿಷ, ಆಮೇಲೆ ಹೆಚ್ಚಿಸುತ್ತಾ ದಿನದಲ್ಲಿ ಒಟ್ಟು ಅರ್ಧ ಗಂಟೆ ಆಗುವಂತೆ. ಕತ್ತು ಇನ್ನೊಂದು ಕಡೆ ತಿರುಗುವುದೇ ಇಲ್ಲ ಎನಿಸಿದರೆ, ಕತ್ತಿನಲ್ಲಿ ಗಂಟು ಸಿಕ್ಕರೆ, ಮಕ್ಕಳ ವೈದ್ಯರಿಗೆ ತೋರಿಸಿ. ಬೇಗ ಫಿಸಿಯೋಥೆರಪಿ ಶುರು ಮಾಡಿದಷ್ಟು ಒಳ್ಳೆಯದು.

ಬಟ್ಟೆ ಸುತ್ತುವಾಗ ಕಾಲು ನೆಟ್ಟಗೆ ಎಳೆದು ಬಿಗಿಯಬೇಡಿ. ಕಾಲು ಮಡಚಿ ಆಡಿಸಲು ಜಾಗ ಇರಲಿ, ಇಲ್ಲದಿದ್ದರೆ ಸೊಂಟದ ಕೀಲು ಜಾರುವ ಅಪಾಯವಿದೆ. ಹೆರಿಗೆಗೆ ಮುಂಚೆ ಕೂಸು ಕಾಲು ಕೆಳಗೆ ಮಾಡಿ ಕೂತಿದ್ದರೆ, ಅದರಲ್ಲೂ ಹೆಣ್ಣುಮಗುವಾದರೆ, ಸೊಂಟ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ.

ಸಂಜೆ ಹೊತ್ತು ಕಾರಣವಿಲ್ಲದೆ ಅಳುವುದು ಸಾಮಾನ್ಯವಾಗಿ ಆರನೇ ವಾರಕ್ಕೆ ಜೋರಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗೇ ಇಳಿಯುತ್ತದೆ. ಈ ಲೆಕ್ಕ ನೆನಪಿಡಿ. ಎರಡನೇ ತಿಂಗಳಲ್ಲಿ ಯಾವ ಚಿಕಿತ್ಸೆ ಮಾಡಿಸಿದರೂ ನಾಲ್ಕನೇ ತಿಂಗಳಿಗೆ 'ವಾಸಿಯಾಯಿತು' ಅನ್ನಿಸುತ್ತದೆ.

ಆಸ್ಟಿಯೋಪಥಿಗೆ ಹೋಗಬೇಕಾ?

ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಶುರು ಮಾಡಿದ ಪದ್ಧತಿ ಇದು. ಸ್ನಾಯು, ಕೀಲುಗಳನ್ನು ಕೈಯಿಂದಲೇ ಪರೀಕ್ಷಿಸಿ, ಸಡಿಲಿಸುತ್ತಾರೆ. ಅಮೆರಿಕದಲ್ಲಿ ಇದನ್ನು ಓದಿದವರು ಪೂರ್ಣ ವೈದ್ಯರು. ಬ್ರಿಟನ್‌ನಲ್ಲಿ 1993ರ ಕಾನೂನಿನಂತೆ ನೋಂದಣಿ ಬೇಕು. ನಮ್ಮಲ್ಲಿ ಫಿಸಿಯೋಥೆರಪಿ ಓದಿ, ಮೇಲೆ ಇದರ ತರಬೇತಿ ಪಡೆದವರು ಸಿಗುತ್ತಾರೆ. ಬೆನ್ನು ನೋವಿಗೆ ಒಂದು ಮಟ್ಟಿಗೆ ಉಪಯೋಗ ಕಂಡಿದೆ. ಕೂಸಿನ ಅಳು, ನಿದ್ದೆ, ತಲೆಯ ಮೂಳೆ ಸರಿಮಾಡುವುದು ಎಂಬ ಮಾತುಗಳಿಗೆ ಗಟ್ಟಿ ಪುರಾವೆ ಇಲ್ಲ.

ಅಮ್ಮನ ಸೊಂಟ ನೋವು ಆರು ವಾರವಾದರೂ ಇಳಿಯದಿದ್ದರೆ ಮೊದಲು ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ತೋರಿಸಿ, ಫಿಸಿಯೋಥೆರಪಿ ಕೇಳಿ. ಅದಕ್ಕೂ ಮುಂಚೆ ಸಕಲೇಶಪುರದಿಂದ ಬೆಂಗಳೂರಿಗೆ 220 ಕಿಲೋಮೀಟರ್ ಕಾರಿನಲ್ಲಿ ಕೂತು ಹೋಗಿ ಬೆನ್ನು ತೋರಿಸುವುದರಲ್ಲಿ ಅರ್ಥವಿಲ್ಲ. ಹೋಗಲೇಬೇಕು ಅನ್ನಿಸಿದರೆ ಕೇಳಿ: ಏನು ಓದಿದ್ದೀರಿ, ಎಲ್ಲಿ? ಬಾಣಂತಿಯರನ್ನು ನೋಡಿ ಅನುಭವ ಇದೆಯೇ? ಎಷ್ಟು ಸಲ ಬರಬೇಕು? ಮೊದಲೇ ಹತ್ತು ಸಲದ ದುಡ್ಡು ಕೇಳುವವರು, ಔಷಧಿ ನಿಲ್ಲಿಸಿ, ಲಸಿಕೆ ಬೇಡ ಎನ್ನುವವರು ಸಿಕ್ಕರೆ ಎದ್ದು ಬನ್ನಿ. ಕೂಸಿನ ಕತ್ತನ್ನು, ಬೆನ್ನನ್ನು ಲಟಕ್ಕನೆ ತಿರುಗಿಸಲು ಯಾರಿಗೂ ಬಿಡಬೇಡಿ, ಮೂಳೆ ಕೂರಿಸುವ ನಾಟಿ ವೈದ್ಯರಿಗೂ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಹೊತ್ತು ಬೇರೆ. ಕೂಸು ಹಾಲು ಬಿಟ್ಟರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡಿದರೆ, ಜ್ವರ ಬಂದರೆ ಅಥವಾ ಮೈ ತಣ್ಣಗಾದರೆ, ಅಂಗೈ ಅಂಗಾಲು ಹಳದಿಯಾದರೆ, ಹಸಿರು ವಾಂತಿ ಮಾಡಿದರೆ ಕೂಡಲೇ ಹೊರಡಿ. ಅಮ್ಮನಿಗೆ ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಹೋದರೆ, ಜ್ವರ ಬಂದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಉಸಿರು ಕಟ್ಟಿದರೆ 108ಕ್ಕೆ ಫೋನ್ ಮಾಡಿ. ಎರಡು ವಾರ ಕಳೆದರೂ ಅಳು, ಬೇಸರ, ಕೂಸನ್ನು ನೋಡಲೂ ಮನಸ್ಸಿಲ್ಲ ಅನ್ನಿಸುತ್ತಿದ್ದರೆ ಅದು ಸೋಮಾರಿತನವೂ ಅಲ್ಲ, ದೃಷ್ಟಿಯೂ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಮನೆಗೆ ಬರುವ ಆಶಾ ಕಾರ್ಯಕರ್ತೆಯ ಹತ್ತಿರವೂ ಹೇಳಿಕೊಳ್ಳಬಹುದು. ಆಸ್ಪತ್ರೆ ಹೆರಿಗೆಯಾದರೆ ಅವರು 3, 7, 14, 21, 28 ಮತ್ತು 42ನೇ ದಿನ ಬರಬೇಕು. ಬಾರದಿದ್ದರೆ ನೀವೇ ಕರೆಯಿರಿ.

ಕೆಲಸಕ್ಕೆ ಮರಳುವ ಮುನ್ನ

ತೋಟದ ಕೆಲಸದವರಿಗೆ ಬಾಣಂತನ ಮುಗಿಯುವಷ್ಟರಲ್ಲಿ ಕೊಯ್ಲು ಬಂದುಬಿಟ್ಟಿರುತ್ತದೆ. ಕಾಫಿ ಹಣ್ಣಿನ ಮೂಟೆ ಎತ್ತುವುದು ಸಡಿಲವಾದ ಸೊಂಟಕ್ಕೆ ಬಹಳ ಭಾರ. ಮೊದಲ ತಿಂಗಳುಗಳಲ್ಲಿ ಹಣ್ಣು ಬಿಡಿಸುವ ಕೆಲಸ ಕೇಳಿ, ಹೊರುವುದನ್ನು ಬೇರೆಯವರಿಗೆ ಬಿಡಿ. ಎತ್ತಲೇಬೇಕಾದರೆ ಸೊಂಟ ಬಾಗಿಸದೆ ಮಂಡಿ ಮಡಚಿ, ಮೂಟೆಯನ್ನು ಮೈಗೆ ಹತ್ತಿರ ತಂದು, ಉಸಿರು ಬಿಡುತ್ತಾ ಎತ್ತಿ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ತೋಟದ ಕೆಲಸದ ಹೆಂಗಸರಿಗೂ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಕಾನೂನಿನಲ್ಲೇ ಇದೆ. ಕೆಲಸಕ್ಕೆ ಮರಳಿದ ಮೇಲೆ ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವೂ ಇದೆ. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಹಾಜರಿ ಲೆಕ್ಕ ಬಸುರಿನಲ್ಲೇ ಬರೆಸಿಟ್ಟುಕೊಂಡರೆ ಆಮೇಲೆ ವಾದ ಮಾಡುವುದು ತಪ್ಪುತ್ತದೆ.